ಟ್ರ್ಯಾಕ್‌ನಲ್ಲಿ ಎಂಜಿನ್ ಬಿಸಿಯಾಗುತ್ತಾ? ಮೊದಲು ಗಾಳಿಯ ದಾರಿ ನೋಡಿ

ಗೌಡ್ರೇ, ನಮಸ್ಕಾರ. ನಿಮ್ಮ ಪ್ರಶ್ನೆ ನಿನ್ನೆಯೇ ನೋಡಿದೆ. ಎರಡು ಸಾಲಿನಲ್ಲಿ ಮುಗಿಯುವ ಉತ್ತರ ಅಲ್ಲ ಇದು, ಅದಕ್ಕೆ ಇವತ್ತು ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ನೀವು ಹೇಳಿದ್ದು ಇಷ್ಟು. ಎರಡು ಲೀಟರ್ ಟರ್ಬೊ ಪೆಟ್ರೋಲ್ ಕಾರು, ರೀಮ್ಯಾಪ್ ಆಗಿದೆ, ಅಂದರೆ ಪವರ್ ಜಾಸ್ತಿ ಮಾಡಲು ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿದ್ದಾರೆ. ಹಾಸನದಿಂದ ಶಿರಾಡಿ ಇಳಿದು ಮತ್ತೆ ಹತ್ತಿ ಬಂದರೂ ಟೆಂಪರೇಚರ್ ಮುಳ್ಳು ಅಲ್ಲಾಡುವುದಿಲ್ಲ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹೋದಾಗ ಮಾತ್ರ ನಾಲ್ಕನೇ ಸುತ್ತಿಗೇ ಮುಳ್ಳು ಮೇಲೆ ಹೋಯಿತು, ಪವರ್ ಕೂಡ ಇಳಿಯಿತು. ಗ್ಯಾರೇಜಿನವರು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರ್‌ಗೆ ನೀರು ಬಿಡುವ ವಾಲ್ವ್) ತೆಗೆದು ಬಿಸಾಕೋಣ ಅನ್ನುತ್ತಿದ್ದಾರೆ. ಗೆಳೆಯರು ದೊಡ್ಡ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿಸಿ ಅಂತಿದ್ದಾರೆ.

ಸದ್ಯಕ್ಕೆ ಎರಡೂ ಬೇಡ. ಈಗಿರುವ ರೇಡಿಯೇಟರ್ ಒಳಗೆ ಗಾಳಿ ಪೂರ್ತಿ ಹೋಗುತ್ತಿದೆಯಾ ಅಂತ ಮೊದಲು ನೋಡಿ. ರಸ್ತೆ ಕಾರುಗಳಲ್ಲಿ ಬಂಪರ್ ಒಳಗೆ ನುಗ್ಗಿದ ಗಾಳಿಯಲ್ಲಿ ಎಷ್ಟೋ ಪಾಲು ರೇಡಿಯೇಟರ್ ಮುಟ್ಟದೆ ಅಕ್ಕಪಕ್ಕದಿಂದ ಜಾರಿಕೊಳ್ಳುತ್ತದೆ. ಆ ಗಾಳಿಯನ್ನು ಹಿಡಿದು ಒಳಗೆ ಕಳಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಖರ್ಚೂ ಕಡಿಮೆ.

ಥರ್ಮೋಸ್ಟಾಟ್ ವಿಷಯ ಮೊದಲು ಮುಗಿಸಿಬಿಡುತ್ತೇನೆ, ಯಾಕೆಂದರೆ ಆ ಕೆಲಸ ನಾಳೆಯೇ ಆಗಿಬಿಡಬಹುದು. ನೂರು ಡಿಗ್ರಿ ದಾಟುವ ಹೊತ್ತಿಗೆ ಒಳ್ಳೆಯ ಥರ್ಮೋಸ್ಟಾಟ್ ಹೆಚ್ಚುಕಡಿಮೆ ಪೂರ್ತಿ ತೆರೆದೇ ಇರುತ್ತದೆ. ತೆಗೆದರೆ ಸಿಗುವ ಲಾಭ ಬಹಳ ಕಡಿಮೆ. ನಷ್ಟ ಮಾತ್ರ ಇದೆ. ಎಷ್ಟೋ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಇನ್ನೊಂದು ತುದಿ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ತೆಗೆದುಬಿಟ್ಟರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತದೆ. ಮೇಲಾಗಿ ನಮ್ಮ ಕಡೆಯ ಡಿಸೆಂಬರ್ ಬೆಳಗ್ಗೆ ಎಂಜಿನ್ ಬೇಗ ಬಿಸಿ ಏರುವುದಿಲ್ಲ, ಪೆಟ್ರೋಲ್ ಆಯಿಲ್ ಜೊತೆ ಸೇರುತ್ತದೆ, ಸವೆತ ಜಾಸ್ತಿ. ಹಳೆಯದು ಅರ್ಧಕ್ಕೇ ಸಿಕ್ಕಿಹಾಕಿಕೊಂಡಿದೆ ಅನ್ನುವ ಅನುಮಾನ ಇದ್ದರೆ ಹೊಸದು ಹಾಕಿಸಿ. ಕಡಿಮೆ ಡಿಗ್ರಿಗೆ ತೆರೆಯುವ ಥರ್ಮೋಸ್ಟಾಟ್ ಹಾಕಿದರೂ ಶುರುವಾಗುವ ಟೆಂಪರೇಚರ್ ಮಾತ್ರ ಇಳಿಯುತ್ತದೆ. ಒಂದು ಸುತ್ತು ತಡವಾಗಿ ಅದೇ ಜಾಗಕ್ಕೆ ಬರುತ್ತೀರಿ.

ಶಿರಾಡಿಯಲ್ಲಿ ಆಗದ್ದು ಚೆನ್ನೈನಲ್ಲಿ ಯಾಕೆ ಆಯಿತು? ಹೈವೇಯಲ್ಲಿ ಎಂಬತ್ತರಲ್ಲಿ ಹೋಗುವಾಗ ಕಾರಿಗೆ ಬೇಕಾಗಿದ್ದು ಹದಿನೈದು ಇಪ್ಪತ್ತು ಹಾರ್ಸ್‌ಪವರ್ ಅಷ್ಟೇ. ಘಾಟಿಯಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದರೂ ಕೆಲವು ಸೆಕೆಂಡಿಗೆ ತಿರುವು ಬರುತ್ತದೆ, ಇಲ್ಲ ಮುಂದೆ ಲಾರಿ ಸಿಗುತ್ತದೆ. ಟ್ರ್ಯಾಕ್‌ನಲ್ಲಿ ಸುತ್ತಿನ ಬಹುಪಾಲು ಹೊತ್ತು ಕಾಲು ಪೂರ್ತಿ ಕೆಳಗೆ. ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಸೈಲೆನ್ಸರ್ ಮೂಲಕ ಹೋಗುತ್ತದೆ, ಉಳಿದದ್ದು ನೀರು ಮತ್ತು ಆಯಿಲ್ ಮೇಲೆ ಬೀಳುತ್ತದೆ. ಅಂದರೆ ಎಂಜಿನ್ 200 ಹಾರ್ಸ್‌ಪವರ್ ಕೊಡುವಾಗ ಹತ್ತಿರಹತ್ತಿರ ಅಷ್ಟೇ ಶಾಖವನ್ನು ಹೊರಗೆ ಹಾಕಬೇಕು.

ಇನ್ನೊಂದು ಲೆಕ್ಕ ಇದೆ. ರೇಡಿಯೇಟರ್ ಎಷ್ಟು ಶಾಖ ಬಿಡುತ್ತದೆ ಅನ್ನುವುದು ಕೂಲಂಟ್ (ಎಂಜಿನ್ ತಣ್ಣಗಿಡಲು ಒಳಗೆ ಸುತ್ತುವ ದ್ರವ) ಮತ್ತು ಹೊರಗಿನ ಗಾಳಿಯ ನಡುವಿನ ಟೆಂಪರೇಚರ್ ಅಂತರದ ಮೇಲೆ ನಿಂತಿದೆ. ಕೂಲಂಟ್ 100 ಡಿಗ್ರಿ ಇದೆ ಅಂತ ಇಟ್ಟುಕೊಳ್ಳಿ. ಹಾಸನದ ಸಂಜೆಯ 25 ಡಿಗ್ರಿ ಗಾಳಿಗೆ ಅಂತರ 75. ಚೆನ್ನೈನ ಮಧ್ಯಾಹ್ನದ 38 ಡಿಗ್ರಿಗೆ ಅಂತರ 62. ಅದೇ ರೇಡಿಯೇಟರ್, ಅದೇ ವೇಗ, ಆದರೆ ಸಾಮರ್ಥ್ಯದಲ್ಲಿ ಆರನೇ ಒಂದು ಪಾಲು ಹೋಯಿತು. ಅದರ ಮೇಲೆ ರೀಮ್ಯಾಪ್‌ನ ಹೆಚ್ಚಿನ ಬೂಸ್ಟ್, ಅಂದರೆ ಟರ್ಬೊ ಒಳಗೆ ತಳ್ಳುವ ಗಾಳಿಯ ಒತ್ತಡ. ನಿಮ್ಮ ಕಾರು ಕೆಟ್ಟಿದೆ ಅಂತ ಈಗಲೇ ಹೇಳಲು ಆಗುವುದಿಲ್ಲ.

ಹಾಗಂತ ಕೆಟ್ಟಿಲ್ಲ ಅಂತಲೂ ನೋಡದೆ ಹೇಳಬಾರದು. ಮುಳ್ಳನ್ನು ನಂಬಬೇಡಿ. ಈಗಿನ ಬಹಳಷ್ಟು ಕಾರುಗಳಲ್ಲಿ 75ರಿಂದ 105 ಡಿಗ್ರಿ ತನಕ ಮುಳ್ಳು ಮಧ್ಯದಲ್ಲೇ ನಿಲ್ಲುವ ಹಾಗೆ ಮಾಡಿರುತ್ತಾರೆ. ಅದು ಅಲ್ಲಾಡುವ ಹೊತ್ತಿಗೆ ತಡ ಆಗಿರುತ್ತದೆ. ಸ್ಟೇರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರ್ ಓದಲು ಇರುವ ಸಾಕೆಟ್) ಒಂದು ಬ್ಲೂಟೂತ್ ರೀಡರ್ ಹಾಕಿ, ಫೋನಿನ ಆ್ಯಪ್‌ನಲ್ಲಿ ಕೂಲಂಟ್ ಮತ್ತು ಇನ್‌ಟೇಕ್ ಗಾಳಿಯ ಟೆಂಪರೇಚರ್ ರೆಕಾರ್ಡ್ ಮಾಡಿ. ಆಯಿಲ್ ಟೆಂಪರೇಚರ್ ಕೆಲವು ಕಾರುಗಳಲ್ಲಿ ಅಲ್ಲೇ ಸಿಗುತ್ತದೆ. ಸಿಗದಿದ್ದರೆ ಬೇರೆ ಸೆನ್ಸರ್ ಹಾಕಿಸಬೇಕು. ನಿಮ್ಮ ಪವರ್ ಇಳಿದದ್ದು ನೀರಿನಿಂದಲೋ, ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿಯನ್ನು ತಣ್ಣಗೆ ಮಾಡುವ ಭಾಗ) ಬಿಸಿಯಾಗಿ ಇಸಿಯು (ಎಂಜಿನ್ ಕಂಪ್ಯೂಟರ್) ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆದದ್ದರಿಂದಲೋ ಅನ್ನುವುದು ಈ ನಂಬರ್‌ಗಳಿಂದಲೇ ಗೊತ್ತಾಗುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಈಗ ಮುಖ್ಯ ಕೆಲಸ. ಬಂಪರ್ ಬಿಚ್ಚಿಸಿ. ಎಸಿ ಕಂಡೆನ್ಸರ್ ಮುಂದೆ, ರೇಡಿಯೇಟರ್ ಹಿಂದೆ, ಎರಡರ ನಡುವೆ ಬೆರಳು ತೂರುವಷ್ಟು ಸಂದು ಇರುತ್ತದೆ. ಮೇಲಿನಿಂದ ಫೋನ್ ಟಾರ್ಚ್ ಬಿಟ್ಟು ಆ ಸಂದಿನೊಳಗೆ ಇಣುಕಿ ನೋಡಿ. ತೋಟದ ರಸ್ತೆಯಲ್ಲಿ ಓಡಾಡುವ ಕಾರಾದರೆ ಅಲ್ಲಿ ಏನಿರುತ್ತದೆ ಅಂತ ನಾನು ಇಲ್ಲಿಂದಲೇ ಹೇಳಬಲ್ಲೆ. ಕೆಳಗಡೆ ಸಿಲ್ವರ್ ಓಕ್ ಎಲೆಯ ತುಂಡು, ಹುಲ್ಲಿನ ಬೀಜ. ಅದರ ಮೇಲೆ ಕೆಂಪು ಮಣ್ಣು. ಮುಂಗಾರಿನ ಮೊದಲ ಮಳೆಗೆ ಏಳುವ ಗೆದ್ದಲಿನ ರೆಕ್ಕೆಗಳು ಆ ಮಣ್ಣಿಗೆ ಅಂಟಿಕೊಂಡು ಒಂದು ಚಾಪೆಯೇ ಆಗಿರುತ್ತದೆ. ಮುಂದಿನಿಂದ ನೋಡಿದರೆ ಕಂಡೆನ್ಸರ್ ಫಳಫಳ ಅನ್ನುತ್ತಿರುತ್ತದೆ, ವಾಟರ್ ವಾಶ್ ಮಾಡಿದವರೂ ಕ್ಲೀನ್ ಇದೆ ಅಂತ ಬಿಟ್ಟಿರುತ್ತಾರೆ. ಕಂಡೆನ್ಸರ್ ಬೋಲ್ಟ್ ಸಡಿಲಿಸಿ, ಗ್ಯಾಸ್ ಪೈಪಿಗೆ ಪೆಟ್ಟಾಗದ ಹಾಗೆ ಸ್ವಲ್ಪ ಮುಂದಕ್ಕೆ ವಾಲಿಸಿ, ಎಂಜಿನ್ ಕಡೆಯಿಂದ ಹೊರಗಡೆಗೆ ಸಾದಾ ಪೈಪಿನ ನೀರು ಬಿಡಿ. ಪ್ರೆಶರ್ ವಾಷರ್ ಹತ್ತಿರ ಹಿಡಿಯಲೇಬೇಡಿ. ತೆಳು ಫಿನ್‌ಗಳು ಮಡಚಿಕೊಂಡರೆ ಗಾಳಿಯ ದಾರಿ ಅಲ್ಲಿಗೆ ಮುಚ್ಚಿತು.

ತೊಳೆದ ಮೇಲೆ, ಬಂಪರ್ ಮತ್ತೆ ಕೂರಿಸಿ, ರಾತ್ರಿ ಹೊತ್ತು ಇನ್ನೊಂದು ಪರೀಕ್ಷೆ ಮಾಡಿ. ಬಾನೆಟ್ ಒಳಗೆ ರೇಡಿಯೇಟರ್ ಹಿಂದೆ ಒಂದು ಜೋರು ಟಾರ್ಚ್ ಇಟ್ಟು, ಬಾನೆಟ್ ಇಳಿಸಿ, ಮುಂದೆ ನೆಲದ ಮೇಲೆ ಕೂತು ಗ್ರಿಲ್ ಒಳಗೆ ನೋಡಿ. ಫಿನ್‌ಗಳ ನಡುವಿನಿಂದ ಬರುವ ಮಂಕು ಬೆಳಕು ಬಿಡಿ. ರೇಡಿಯೇಟರ್ ಪಕ್ಕದಲ್ಲಿ, ಮೇಲಿನ ಪಟ್ಟಿಯ ಹತ್ತಿರ, ಇಂಟರ್‌ಕೂಲರ್ ಪೈಪ್ ಹಾದುಹೋಗುವ ಕಡೆ ಎಲ್ಲೆಲ್ಲಿ ನೇರ ಬೆಳಕು ಕಾಣುತ್ತದೋ ಅಲ್ಲೆಲ್ಲ ನಿಮ್ಮ ಗಾಳಿ ಸೋರುತ್ತಿದೆ. ಮಾರ್ಕರ್ ತಗೊಂಡು ಗುರುತು ಹಾಕಿ. ಗಾಳಿಗೆ ಫಿನ್‌ಗಳ ನಡುವೆ ನುಗ್ಗುವುದು ಕಷ್ಟದ ಕೆಲಸ, ಪಕ್ಕದಲ್ಲಿ ಎರಡು ಬೆರಳಿನ ಜಾಗ ಇದ್ದರೂ ಅದು ಅಲ್ಲೇ ಹೋಗುತ್ತದೆ. ಟ್ರಾಫಿಕ್‌ನಲ್ಲಿ ನಿಂತಾಗ ಇದೇ ಸಂದುಗಳಿಂದ ಎಂಜಿನ್ನಿನ ಬಿಸಿ ಗಾಳಿ ಮುಂದಕ್ಕೆ ಬಂದು ಮತ್ತೆ ರೇಡಿಯೇಟರ್ ಒಳಗೇ ಹೋಗುತ್ತದೆ.

ಮುಚ್ಚುವುದಕ್ಕೆ ದುಬಾರಿ ಸಾಮಾನು ಬೇಕಿಲ್ಲ. ಬ್ಯಾನರ್ ಅಂಗಡಿಯಲ್ಲಿ ಸಿಗುವ ಸನ್‌ಪ್ಯಾಕ್ ಶೀಟಿನಲ್ಲಿ ಮೊದಲು ಅಳತೆಗೆ ಕತ್ತರಿಸಿ ನೋಡಿ. ಸರಿಯಾಗಿ ಕೂತ ಮೇಲೆ ಅದೇ ಆಕಾರವನ್ನು ಒಂದು ಮಿಲಿಮೀಟರ್ ಅಲ್ಯೂಮಿನಿಯಂ ಶೀಟಿನಲ್ಲಿ ಮಾಡಿಸಿ. ಬಂಪರ್ ಬಾಯಿಯಿಂದ ರೇಡಿಯೇಟರ್ ಅಂಚಿನ ತನಕ ನಾಲ್ಕೂ ಕಡೆ ಗೋಡೆ ಬರಬೇಕು, ಕೆಳಗಡೆಯೂ ಸೇರಿ. ಶೀಟು ರೇಡಿಯೇಟರ್‌ಗೆ ಉಜ್ಜಬಾರದು. ಕೊನೆಯ ಒಂದು ಇಂಚು ಬಿಟ್ಟು ಅಲ್ಲಿ ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಅಂಟಿಸಿ. ಅದು ಬಿಸಿಗೂ ನೀರಿಗೂ ತಡೆಯುತ್ತದೆ. ಮುಂದಿನ ಬಾಯಿ ದೊಡ್ಡದು ಮಾಡಬೇಕಾ ಅಂತ ಕೇಳುತ್ತೀರಿ, ಗೊತ್ತು. ಒಳಗೆ ಸೋರಿಕೆ ಇಲ್ಲದಿದ್ದರೆ ರೇಡಿಯೇಟರ್ ವಿಸ್ತಾರದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಬಾಯಿ ಸಾಮಾನ್ಯವಾಗಿ ಸಾಕು. ಗ್ರಿಲ್ ಕತ್ತರಿಸಲು ಹೋಗಬೇಡಿ. ನಂಬರ್ ಪ್ಲೇಟ್ ಮತ್ತು ಎಕ್ಸ್‌ಟ್ರಾ ಲೈಟು ಬಾಯಿಗೆ ಅಡ್ಡ ಇದ್ದರೆ ಟ್ರ್ಯಾಕ್ ದಿನ ಅವನ್ನು ಬಿಚ್ಚಿ.

ಒಳಗೆ ಹೋದ ಗಾಳಿ ಹೊರಗೂ ಬರಬೇಕು. ಬಾನೆಟ್‌ನ ಹಿಂದಿನ ಅಂಚಿಗೆ ವಾಷರ್ ಹಾಕಿ ಎತ್ತುವುದು ನಮ್ಮ ಕಡೆ ಬಹಳ ಜನ ಮಾಡುತ್ತಾರೆ. ದಯವಿಟ್ಟು ಬೇಡ. ವೇಗ ಏರಿದಾಗ ಮುಂದಿನ ಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಜಾಸ್ತಿ ಇರುತ್ತದೆ. ಅಲ್ಲಿ ಸಂದು ಬಿಟ್ಟರೆ ಗಾಳಿ ಹೊರಗೆ ಬರುವ ಬದಲು ಒಳಗೆ ನುಗ್ಗಬಹುದು, ರೇಡಿಯೇಟರ್ ಮೂಲಕ ಬರುವ ಗಾಳಿಗೆ ಅದೇ ಅಡ್ಡ ನಿಲ್ಲುತ್ತದೆ. ಏಷ್ಯಾ ಪೆಸಿಫಿಕ್ ರ್ಯಾಲಿ ನಮ್ಮ ಚಿಕ್ಕಮಗಳೂರಿನ ತೋಟಗಳಲ್ಲಿ ನಡೆದಾಗ ಹತ್ತಿರದಿಂದ ನೋಡಿದವರು ಇಲ್ಲಿ ಇದ್ದೀರಿ. ಆ ಕಾರುಗಳ ಬಾನೆಟ್ ಕಿಂಡಿಗಳು ಗಾಜಿನಿಂದ ದೂರ, ರೇಡಿಯೇಟರ್ ಹಿಂದೆಯೇ ಇರುತ್ತವೆ. ಕಿಂಡಿ ಹಾಕಿಸುವುದಾದರೆ ಅಲ್ಲಿ ಹಾಕಿಸಿ. ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಅಂಡರ್‌ಟ್ರೇ ಕಿತ್ತುಹಾಕುವುದೂ ತಪ್ಪು. ಬಿಸಿ ಗಾಳಿಯನ್ನು ಕೆಳಗಿನಿಂದ ಹೊರಗೆ ಎಳೆಯಲು ಅದೂ ಬೇಕು.

ಕೂಲಂಟ್ ಬಗ್ಗೆ. ಬರೀ ನೀರು ಕೂಲಂಟ್‌ಗಿಂತ ಚೆನ್ನಾಗಿ ಶಾಖ ಹೊರುತ್ತದೆ, ಆದರೆ ತುಕ್ಕು ಹಿಡಿಸುತ್ತದೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯ ಇಲ್ಲ. ಹಾಗಾಗಿ ಅರ್ಧಕ್ಕೆ ಅರ್ಧದ ಬದಲು ನೂರಕ್ಕೆ 40 ಭಾಗ ಕೂಲಂಟ್, 60 ಭಾಗ ಡಿಮಿನರಲೈಸ್ಡ್ ನೀರು ಹಾಕಬಹುದು, ನಿಮ್ಮ ಕಾರಿನ ಪುಸ್ತಕ ಒಪ್ಪಿದರೆ. ಡಬ್ಬಿ ಮೇಲೆ ಓದಿ: ಕೆಲವು ಕೂಲಂಟ್ ಆಗಲೇ ನೀರು ಬೆರೆಸಿ ಬರುತ್ತವೆ, ಅದಕ್ಕೆ ಮತ್ತೆ ನೀರು ಸುರಿಯಬಾರದು. ಬಣ್ಣ ನೋಡಿ ಎರಡು ಕಂಪನಿಯದ್ದು ಬೆರೆಸಬೇಡಿ. ಬೋರ್ ನೀರು ಬೇಡವೇ ಬೇಡ. ಅರಸೀಕೆರೆ ಕಡೆಯವರಿಗೆ ಸ್ನಾನದ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರ ಗೊತ್ತಲ್ವಾ, ಅದೇ ಎಂಜಿನ್ ಒಳಗೂ ಕಟ್ಟುತ್ತದೆ.

ಎಕ್ಸ್‌ಪ್ಯಾನ್ಷನ್ ಟ್ಯಾಂಕಿನ ಮುಚ್ಚಳ ಹಳೆಯದಾಗಿದ್ದರೆ ಕಂಪನಿಯದ್ದೇ ಹೊಸದು ತನ್ನಿ. ಒತ್ತಡ ಇದ್ದರೆ ನೀರು ಕುದಿಯುವ ಟೆಂಪರೇಚರ್ ಏರುತ್ತದೆ. ಸುಮಾರು ಒಂದು ಬಾರ್ ಒತ್ತಡ ಹಿಡಿದರೆ ಬರೀ ನೀರೂ 120 ಡಿಗ್ರಿ ತನಕ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಸಡಿಲವಾಗಿದ್ದರೆ ಆ ರಕ್ಷಣೆ ಹೋಯಿತು. ಬಿಸಿ ಇದ್ದಾಗ ಮಾತ್ರ ಅದನ್ನು ಯಾವ ಕಾರಣಕ್ಕೂ ತಿರುಗಿಸಬೇಡಿ. ಮೇಲಿನ ಹೋಸ್ ಕೈಯಲ್ಲಿ ಆರಾಮಾಗಿ ಹಿಡಿಯುವಷ್ಟು ತಣ್ಣಗಾಗಲಿ. ಕೂಲಂಟ್ ತುಂಬಿದ ಮೇಲೆ ಏರ್ ತೆಗೆಸಿ. ಎಂಜಿನ್ ಬಿಸಿ ಇದ್ದೂ ಹೀಟರ್‌ನಲ್ಲಿ ತಣ್ಣನೆ ಗಾಳಿ ಬಂದರೆ ಒಳಗೆ ಗಾಳಿ ಉಳಿದಿದೆ ಅಂತ ಅನುಮಾನಿಸಿ. ತುಂಬಿದ ಕೂಲಂಟ್ ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದರೆ, ಟ್ಯಾಂಕಿನಲ್ಲಿ ಗುಳ್ಳೆ ನಿಲ್ಲದಿದ್ದರೆ, ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಆಗುವ ತನಕ ಟ್ರ್ಯಾಕ್ ಮಾತೇ ಬೇಡ.

ಆಯಿಲ್ ನೀರಿಗಿಂತ ತಡವಾಗಿ ಬಿಸಿಯಾಗುತ್ತದೆ, ತಡವಾಗಿ ಇಳಿಯುತ್ತದೆ. ಒಳ್ಳೆಯ ಸಿಂಥೆಟಿಕ್ ಆಯಿಲ್ 120 ಡಿಗ್ರಿಯಲ್ಲಿ ಆರಾಮಾಗಿರುತ್ತದೆ. 130 ದಾಟಿದರೆ ನಿಧಾನ ಮಾಡಿ. ಟರ್ಬೊ ಇರುವ ನಿಮ್ಮ ಕಾರಿಗೆ, ಕಂಪನಿ ಒಪ್ಪಿದ ಪಟ್ಟಿಯಲ್ಲಿದ್ದರೆ, 5ಡಬ್ಲ್ಯು-40 ನನ್ನ ಆಯ್ಕೆ. ನೀರಿನ ನಂಬರ್ ಚೆನ್ನಾಗಿದ್ದೂ ಆಯಿಲ್ ಮಾತ್ರ ಏರುತ್ತಿದೆ ಅಂದರೆ ಆಗ ಆಯಿಲ್ ಕೂಲರ್‌ಗೆ ದುಡ್ಡು ಹಾಕಿ. ಥರ್ಮೋಸ್ಟಾಟ್ ಇರುವ ಸ್ಯಾಂಡ್‌ವಿಚ್ ಪ್ಲೇಟ್ (ಎಂಜಿನ್ ಮತ್ತು ಆಯಿಲ್ ಫಿಲ್ಟರ್ ನಡುವೆ ಕೂರುವ ತುಂಡು) ಇರುವುದನ್ನೇ ಕೇಳಿ. ಇಲ್ಲದಿದ್ದರೆ ನಮ್ಮ ಚಳಿಗೆ ಆಯಿಲ್ ಬಿಸಿಯೇ ಆಗುವುದಿಲ್ಲ. ಕೂಲರ್ ಅನ್ನು ರೇಡಿಯೇಟರ್ ಮುಂದೆ ಕಟ್ಟಿದರೆ ಅದರ ಬಿಸಿ ಪೂರ್ತಿ ರೇಡಿಯೇಟರ್ ಮೇಲೆ ಬೀಳುತ್ತದೆ. ಬಂಪರ್ ಮೂಲೆಯಲ್ಲಿ ಅದಕ್ಕೇ ಬೇರೆ ಡಕ್ಟ್ (ಗೋಡೆ ಕಟ್ಟಿದ ಗಾಳಿಯ ದಾರಿ) ಮಾಡಿ ಕೂರಿಸಿ.

ಓಡಿಸುವ ರೀತಿಯಲ್ಲೂ ಬಹಳ ಇದೆ. ಎಸಿ ಆಫ್. ಮೊದಲ ಸುತ್ತು ಬಿಸಿ ಮಾಡಲು, ಮೂರು ಸುತ್ತು ಜೋರು, ಆಮೇಲೆ ಒಂದು ಸುತ್ತು ಪೂರ್ತಿ ನಿಧಾನ. ಮುಂದಿನ ಕಾರಿನ ಬಾಲ ಹಿಡಿದು ಹೋಗಬೇಡಿ, ಅವರು ಬಿಟ್ಟ ಬಿಸಿ ಗಾಳಿಯೇ ನಿಮ್ಮ ರೇಡಿಯೇಟರ್‌ಗೆ ಬರುತ್ತದೆ. ನೇರದಲ್ಲಿ ಅರ್ಧ ಕಾರಿನಷ್ಟು ಪಕ್ಕಕ್ಕೆ ಸರಿದರೂ ನಂಬರ್ ಇಳಿಯುವುದು ಕಾಣುತ್ತದೆ. ಕೂಲಂಟ್ 110 ಮುಟ್ಟಿದರೆ ಮಾಮೂಲಿಗಿಂತ ಸಾವಿರ ಆರ್‌ಪಿಎಂ ಮುಂಚೆಯೇ ಗೇರ್ ಮೇಲಕ್ಕೆ ಹಾಕಿ. 115 ಆದರೆ ಹೀಟರ್ ಫುಲ್ ಹಾಟ್‌ಗೆ ತಿರುಗಿಸಿ, ಫ್ಯಾನ್ ಜೋರು ಮಾಡಿ, ಪಿಟ್‌ಗೆ ಬನ್ನಿ. ಒಳಗೆ ಬೇಯುತ್ತೀರಿ, ಆದರೆ ಹೀಟರ್ ಕೂಡ ಒಂದು ಚಿಕ್ಕ ರೇಡಿಯೇಟರ್. ನಿಂತ ತಕ್ಷಣ ಎಂಜಿನ್ ಆಫ್ ಮಾಡಬೇಡಿ. ಟರ್ಬೊ ಒಳಗಿನ ಆಯಿಲ್ ಕರಕಲಾಗುತ್ತದೆ. ಬಾನೆಟ್ ಎತ್ತಿ, ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಕೂಲಂಟ್ ಚೆಲ್ಲುತ್ತಿದ್ದರೆ ಅಥವಾ ಟೆಂಪರೇಚರ್ ಏರುತ್ತಲೇ ಇದ್ದರೆ ಮಾತ್ರ ತಕ್ಷಣ ಆಫ್ ಮಾಡಿ.

ಇದನ್ನೆಲ್ಲ ಪರೀಕ್ಷೆ ಮಾಡಲು ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಕಾರು ಓಡಿಸಬೇಡಿ. ತಿರುವಿನ ಆ ಕಡೆ ಬಸ್ಸು ಇರುತ್ತದೆ, ಬೈಕಿನಲ್ಲಿ ಮಕ್ಕಳನ್ನು ಕೂರಿಸಿಕೊಂಡ ಮನೆಯವರು ಇರುತ್ತಾರೆ.

ನನ್ನ ಲೆಕ್ಕದಲ್ಲಿ ಕ್ರಮ ಹೀಗೆ: ಈ ವಾರ ರೀಡರ್ ತಂದು ಮಾಮೂಲಿ ಓಡಾಟದ ನಂಬರ್ ಬರೆದಿಡಿ. ಆಮೇಲೆ ತೊಳೆಸುವುದು, ಡಕ್ಟ್, ಮುಚ್ಚಳ, ಕೂಲಂಟ್. ಟ್ರ್ಯಾಕಿಗೆ ಹೋಗುವಾಗ ರೀಮ್ಯಾಪ್ ಮಾಡಿದವರಿಂದ ಸ್ಟಾಕ್ ಮ್ಯಾಪ್ (ಕಂಪನಿಯ ಮೂಲ ಸೆಟ್ಟಿಂಗ್) ವಾಪಸ್ ಹಾಕಿಸಿಕೊಳ್ಳಿ, ಬೆಳಗಿನ ಮೊದಲ ಸೆಷನ್ ಕೇಳಿ ತಗೊಳ್ಳಿ. ಇಷ್ಟಾದ ಮೇಲೂ ಐದು ಸುತ್ತಿಗೆ 110 ದಾಟಿದರೆ ಆಗ ದೊಡ್ಡ ರೇಡಿಯೇಟರ್ ಬಗ್ಗೆ ಮಾತಾಡೋಣ. ಬಂಪರ್ ಬಿಚ್ಚಿದಾಗ ಎರಡು ಪಕ್ಕದ ಸಂದು ಮತ್ತು ಮೇಲಿನ ಪಟ್ಟಿ ಕಾಣುವ ಹಾಗೆ ಫೋಟೊ ತೆಗೆದು ಇಲ್ಲೇ ಹಾಕಿ. ಶೀಟು ಎಲ್ಲಿ ಮಡಚಬೇಕು ಅಂತ ಅದರ ಮೇಲೇ ಗೆರೆ ಎಳೆದು ಕಳಿಸುತ್ತೇನೆ.