ನಾಲ್ಕು ಹೋಳಿನ ಬೆಣೆ ಬೆಸೆಯುವ ಮುನ್ನ ಬೀಮ್ ನೋಡಿ
ಸೌದೆ ಸೀಳುವ ಯಂತ್ರ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಅಡಿಕೆ ಬೇಯಿಸುವ ಒಲೆಗೂ ಬಚ್ಚಲ ಹಂಡೆಗೂ ಸೇರಿ ವರ್ಷಕ್ಕೆ ಎಂಟು ಹತ್ತು ಲೋಡ್ ಸೌದೆ ಸೀಳುತ್ತೇವೆ. ಊರಿನ ವರ್ಕ್‌ಶಾಪಿನಲ್ಲಿ ಮಾಡಿಸಿದ ಹೈಡ್ರಾಲಿಕ್ ಯಂತ್ರ ಇದೆ. 4 ಇಂಚಿನ ಸಿಲಿಂಡರ್, 7.5 ಎಚ್‌ಪಿ ಮೋಟಾರ್, 6 ಇಂಚಿನ ಐ ಬೀಮ್. ಬೆಣೆ ತುದಿಯಲ್ಲಿ ನಿಂತಿದೆ, ಸಿಲಿಂಡರ್ ಮರದ ಕುಂಟೆಯನ್ನು ಅದಕ್ಕೆ ದೂಡುತ್ತದೆ. ಒಂದೇ ಸಲಕ್ಕೆ ನಾಲ್ಕು ಹೋಳಾಗುವಂತೆ ಬೆಣೆಗೆ ಎರಡು ರೆಕ್ಕೆ ಬೆಸೆಯಬಹುದೇ?
(ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರರು)

ಉತ್ತರ: ಬೆಣೆಗೆ ರೆಕ್ಕೆ ಕೂರಿಸಬಹುದು. ಆದರೆ ಈಗಿರುವ ಬೀಮ್ ಮೇಲೆ ಬೇಡ.

ಲೆಕ್ಕ ನೋಡಿ. 100 ಎಂಎಂ ಸಿಲಿಂಡರಿನ ಪಿಸ್ಟನ್ ವಿಸ್ತೀರ್ಣ 78.5 ಚದರ ಸೆಂ.ಮೀ. ಒತ್ತಡ 175 ಬಾರ್ ಇದ್ದರೆ ದೂಡುವ ಬಲ ಸುಮಾರು 14 ಟನ್. ಈ ಬಲ ಬೀಮಿನ ಒಳಗೆ ನೇರವಾಗಿ ಹೋಗುವುದಿಲ್ಲ, ಬೀಮಿನ ಮೇಲ್ಮೈಯಿಂದ ಒಂದು 10 ಸೆಂ.ಮೀ. ಎತ್ತರದಲ್ಲಿ ಹೋಗುತ್ತದೆ. ಹಾಗಾಗಿ ಅದು ಬೀಮನ್ನು ಎಳೆಯುವುದರ ಜೊತೆಗೆ ಬಾಗಿಸುತ್ತದೆ. 150 ಎಂಎಂ ಬೀಮಿನ ಮೇಲಂಚಿನಲ್ಲಿ ಎರಡೂ ಸೇರಿ ಚದರ ಮಿಲಿಮೀಟರಿಗೆ ಸುಮಾರು 320 ನ್ಯೂಟನ್ ಎಳೆತ ಬೀಳುತ್ತದೆ. ಸಾಮಾನ್ಯ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು) ಬೀಮ್ 250ರ ಸುಮಾರಿಗೇ ಶಾಶ್ವತವಾಗಿ ಬಾಗಲು ಶುರುವಾಗುತ್ತದೆ. ಇಷ್ಟು ದಿನ ಉಳಿದಿದ್ದರೆ ಕಾರಣ ಇಷ್ಟೇ: ನೇರ ಎಳೆಯ ಅಕೇಶಿಯಾ, ಸಿಲ್ವರ್ ಓಕ್ ಕುಂಟೆ ಪೂರ್ತಿ ಒತ್ತಡ ಏರುವ ಮೊದಲೇ ಬಿರಿಯುತ್ತದೆ. ರೆಕ್ಕೆ ಹಾಕಿದ ಮೇಲೆ ಯಂತ್ರ ಪದೇ ಪದೇ ಪೂರ್ತಿ ಒತ್ತಡಕ್ಕೆ ಹೋಗುತ್ತದೆ, ಜೊತೆಗೆ ಬಲ ಬೀಳುವ ಜಾಗವೂ ಮೇಲಕ್ಕೆ ಸರಿಯುತ್ತದೆ. 200 ಎಂಎಂ ಬೀಮ್ ಆದರೆ ಇದೇ ಎಳೆತ 165ಕ್ಕೆ ಇಳಿಯುತ್ತದೆ. ಬಲ 5 ಸೆಂ.ಮೀ. ಮೇಲೆ ಸರಿದರೂ 200 ದಾಟುವುದಿಲ್ಲ. ಆದ್ದರಿಂದ ಮೊದಲು ಬೀಮ್ ಬದಲಿಸಿ.

ನಿಮ್ಮ ಬೀಮ್ ಆಗಲೇ ಬಾಗಿದೆಯೇ ಎಂದು ತಿಳಿಯಲು ಎರಡೂ ತುದಿಯಲ್ಲಿ ಒಂದೇ ದಪ್ಪದ ಕಬ್ಬಿಣದ ಚೂರು ಇಟ್ಟು ಅದರ ಮೇಲೆ ದಾರ ಬಿಗಿಯಾಗಿ ಎಳೆಯಿರಿ. ನಡುವೆ ದಾರಕ್ಕೂ ಬೀಮಿಗೂ ಅಂತರ ಕಡಿಮೆಯಾಗಿದ್ದರೆ ಬೀಮ್ ಉಬ್ಬಿದೆ ಎಂದೇ ಅರ್ಥ.

ಇನ್ನು ರೆಕ್ಕೆ. ಅದನ್ನು ಬೆಣೆಗೇ ಬೆಸೆಯಬೇಡಿ. ಬೆಣೆಯ ಮೇಲಿಂದ ಇಳಿಸಿ ಕೂರಿಸುವ ಟೋಪಿಯಂತೆ ಮಾಡಿ. ಗಂಟಿನ ಕುಂಟೆ ಬಂದಾಗ ಎತ್ತಿಡಬಹುದು. ಬೆಣೆಯ ಎರಡೂ ಮಗ್ಗುಲಿಗೆ 10 ಎಂಎಂ ಪ್ಲೇಟು, ಮೇಲೆ ಒಂದು ಮುಚ್ಚಳದ ಪ್ಲೇಟು, ಹಿಂಬದಿಯಲ್ಲಿ 16 ಎಂಎಂ ಪಿನ್ನು. ಬೆಣೆಗೂ ಪ್ಲೇಟಿಗೂ ನಡುವೆ ಒಂದೊಂದು ಎಂಎಂ ಸಡಿಲ ಬಿಡಿ, ಇಲ್ಲದಿದ್ದರೆ ಮರದ ಅಂಟು ಒಣಗಿ ಟೋಪಿ ಮೇಲೇಳುವುದೇ ಇಲ್ಲ. ರೆಕ್ಕೆಗೆ 16 ಎಂಎಂ ಪ್ಲೇಟು, ಒಂದೊಂದೂ 10ರಿಂದ 12 ಸೆಂ.ಮೀ. ಅಗಲ, ಬೀಮಿನಿಂದ 10ರಿಂದ 12 ಸೆಂ.ಮೀ. ಎತ್ತರ. 20ರಿಂದ 25 ಸೆಂ.ಮೀ. ದಪ್ಪದ ಕುಂಟೆಗೆ ಅದು ಸರಿಯಾಗಿ ನಡುವಿಗೆ ಬರುತ್ತದೆ.

ರೆಕ್ಕೆಯ ಬಾಯಿ ಮುಖ್ಯ ಬೆಣೆಯ ಬಾಯಿಗಿಂತ 5 ಸೆಂ.ಮೀ. ಹಿಂದೆ ಇರಬೇಕು. ಎರಡೂ ಒಂದೇ ಗೆರೆಯಲ್ಲಿದ್ದರೆ ಕುಂಟೆ ಒಮ್ಮೆಗೇ ನಾಲ್ಕು ಕಡೆ ಬಿರಿಯಬೇಕಾಗುತ್ತದೆ, ಯಂತ್ರ ಅಲ್ಲೇ ನಿಲ್ಲುತ್ತದೆ. ಹಿಂದಿದ್ದರೆ ಮೊದಲು ಎರಡಾಗಿ, ಬಿರುಕು ಓಡಿದ ಮೇಲೆ ನಾಲ್ಕಾಗುತ್ತದೆ. ಇಳಿಜಾರು ಕೊಡುವುದು ರೆಕ್ಕೆಯ ಮೇಲ್ಮುಖಕ್ಕೆ ಮಾತ್ರ. ಮೇಲೇರುವ ಹೋಳು ಆ ಇಳಿಜಾರನ್ನು ಕೆಳಕ್ಕೆ ಒತ್ತುವುದರಿಂದ ಟೋಪಿ ಬೆಣೆಯ ಮೇಲೆ ಗಟ್ಟಿಯಾಗಿ ಕೂರುತ್ತದೆ. ಕೆಳಮುಖಕ್ಕೆ ಇಳಿಜಾರು ಕೊಟ್ಟವರ ಟೋಪಿ ಮೇಲೆದ್ದು ಪಿನ್ನು ಕತ್ತರಿಸಿಹೋಗುತ್ತದೆ.

ಬೆಸುಗೆಗೆ 7018 ರಾಡು ಬಳಸಿ, ಅದೂ ಒಲೆಯಲ್ಲಿ ಒಣಗಿಸಿದ್ದು. ತೇವ ಹಿಡಿದ ರಾಡಿನ ಬೆಸುಗೆ ನೋಡಲು ಚೆನ್ನಾಗಿದ್ದರೂ ಒಳಗೆ ಸೀಳುತ್ತದೆ. ಎರಡೂ ಬದಿ 8 ಎಂಎಂ ಬೆಸುಗೆ ಬೇಕು. ಬಾಯಿಗೆ ಗಟ್ಟಿ ಇರಲೆಂದು ಲಾರಿಯ ಕಮಾನು ಪಟ್ಟಿ ಬೆಸೆಯುವ ರೂಢಿ ಇದೆ. ದಯವಿಟ್ಟು ಬೇಡ. ಅದರಲ್ಲಿ ಇಂಗಾಲ ಹೆಚ್ಚು, ಬೆಸುಗೆಯ ಪಕ್ಕದಲ್ಲೇ ಗಾಜಿನಂತೆ ಪೆಡಸಾಗಿ 14 ಟನ್ ಬಿದ್ದಾಗ ಚೂರು ಸಿಡಿಯುತ್ತದೆ. ಸಾದಾ ಎಂಎಸ್ ಬಾಯಿ ಮೊಂಡಾದರೆ ಗ್ರೈಂಡರ್ ಹಿಡಿದರೆ ಸಾಕು. ಯಂತ್ರದ ಮೇಲೇ ಬೆಸೆಯುವುದಾದರೆ ಅರ್ತಿಂಗ್ ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಕಚ್ಚಿಸಿ. ಕರೆಂಟು ಸಿಲಿಂಡರಿನ ರಾಡಿನ ಮೂಲಕ ಹರಿದರೆ ಕ್ರೋಮ್ ಮೇಲೆ ಸಣ್ಣ ಗುಳಿ ಬಿದ್ದು ಸೀಲು ಹರಿಯುತ್ತದೆ.

ದೂಡುವ ಪ್ಲೇಟು ಬೆಣೆಗೆ ಒಂದೂವರೆ ಸೆಂ.ಮೀ. ಇರುವಾಗಲೇ ನಿಲ್ಲುವುದರಿಂದ ನಾರಿನ ಮರದ ಕೊನೆಯ ಹೋಳು ರೆಕ್ಕೆಯಲ್ಲೇ ಸಿಕ್ಕಿರುತ್ತದೆ. ಕೈ ಹಾಕಬೇಡಿ, ಮುಂದಿನ ಕುಂಟೆ ಅದನ್ನು ದೂಡುತ್ತದೆ. ಬೆಣೆಯ ಹಿಂದೆ ಅಡ್ಡ ಪಟ್ಟಿ ಇದ್ದರೆ ತೆಗೆಸಿ.

ಪ್ರಶ್ನೆ: ದಪ್ಪ ಕುಂಟೆ ಎರಡಾದ ತಕ್ಷಣ ಅರ್ಧ ಹೋಳು ನೆಲಕ್ಕೆ ಬೀಳುತ್ತದೆ, ಪ್ರತಿ ಸಲ ಬಗ್ಗಿ ಎತ್ತಬೇಕು. ಮೇಜಿನಂತೆ ಏನಾದರೂ ಕಟ್ಟಬಹುದೇ?

ಉತ್ತರ: ಎಲ್ಲಕ್ಕಿಂತ ಮೊದಲು ಮಾಡಿಸಬೇಕಾದದ್ದು ಇದೇ. 40×40×5 ಆಂಗಲ್ ಚೌಕಟ್ಟು, 60 ಸೆಂ.ಮೀ. ಉದ್ದ, 40 ಅಗಲ. ಮೇಲೆ ಪ್ಲೇಟು ಹೊದಿಸಬೇಡಿ, 12 ಎಂಎಂ ಸರಳುಗಳನ್ನು 4 ಸೆಂ.ಮೀ.ಗೆ ಒಂದರಂತೆ ಬೆಸೆಯಿರಿ, ಸಿಪ್ಪೆ ಚಕ್ಕೆ ಕೆಳಗೆ ಉದುರಿಹೋಗುತ್ತದೆ. ಮೇಜು ಯಂತ್ರ ನಡೆಸುವವರ ಬದಿಗೇ ಇರಲಿ. ಆಚೆ ಬದಿಗೆ ಇಟ್ಟರೆ ಹೋಳು ತರಲು ಬೆಣೆಯ ಮೇಲಿಂದ ಕೈ ಚಾಚುವುದು ಅಭ್ಯಾಸವಾಗಿಬಿಡುತ್ತದೆ. ಮೇಜಿಗೆ ಸ್ವಂತ ಕಾಲು ಕೊಡಿ. ಎರಡು ಚಕ್ರದ ಯಂತ್ರಕ್ಕೆ ಒಂದೇ ಬದಿಯಲ್ಲಿ 50 ಕಿಲೊ ಬಿದ್ದರೆ ಮಗುಚುತ್ತದೆ.

ಪ್ರಶ್ನೆ: 45 ಸೆಂ.ಮೀ. ದಪ್ಪದ ಕುಂಟೆ ಎತ್ತಲು ಇಬ್ಬರು ಬೇಕು. ಸಣ್ಣ ಸಿಲಿಂಡರ್ ಹಾಕಿ ಎತ್ತುವ ತೋಳು ಮಾಡಿಕೊಳ್ಳಬಹುದೇ? ಒತ್ತಡವನ್ನೂ 210 ಬಾರಿಗೆ ಏರಿಸಬೇಕೆಂದಿದ್ದೇವೆ.

ಉತ್ತರ: 60 ಸೆಂ.ಮೀ. ಉದ್ದದ ಅಂಥ ಹಸಿ ಕುಂಟೆ ಸುಮಾರು 95 ಕಿಲೊ ತೂಗುತ್ತದೆ, ಬೆನ್ನಿಗೆ ಒಳ್ಳೆಯದಲ್ಲ. 40 ಎಂಎಂ ಸಿಲಿಂಡರಿನ ಬಲ ಧಾರಾಳ ಸಾಕು. ತೊಂದರೆ ವೇಗದ್ದು. ನಿಮಿಷಕ್ಕೆ 16 ಲೀಟರ್ ಕೊಡುವ ಪಂಪಿನ ಎಣ್ಣೆ ನೇರ ಹೋದರೆ 20 ಸೆಂ.ಮೀ. ರಾಡು ಒಂದೇ ಸೆಕೆಂಡಿನಲ್ಲಿ ಹೊರಬರುತ್ತದೆ, ಕುಂಟೆ ನಿಮ್ಮ ಎದೆಗೆ ಹಾರುತ್ತದೆ. ಆದ್ದರಿಂದ ಎಣ್ಣೆಯ ಹರಿವು ತಗ್ಗಿಸುವ ಫ್ಲೋ ಕಂಟ್ರೋಲ್ ವಾಲ್ವ್ ಹಾಕಲೇಬೇಕು. ಇಳಿಯುವಾಗಲೂ ನಿಧಾನವಾಗಬೇಕೆಂದರೆ ಎರಡೂ ದಿಕ್ಕಿಗೆ ಬೇಕು.

ಇನ್ನೊಂದು ಮಾತು ವಾಲ್ವ್ ಬಗ್ಗೆ. ಈಗಿರುವ ಲಿವರ್ ವಾಲ್ವಿನ ಟ್ಯಾಂಕ್ ಪೋರ್ಟಿನಿಂದ (ಎಣ್ಣೆ ಟ್ಯಾಂಕಿಗೆ ಮರಳುವ ಬಾಯಿ) ಪೈಪು ತೆಗೆದು ಎತ್ತುವ ತೋಳಿನ ಎರಡನೆಯ ವಾಲ್ವಿಗೆ ಜೋಡಿಸಬೇಡಿ. ಆ ಪೋರ್ಟು ಪೂರ್ತಿ ಒತ್ತಡ ತಡೆಯಲು ಮಾಡಿದ್ದಲ್ಲ, ಸೀಲು ಕಿತ್ತುಬರುತ್ತದೆ, ಬಾಡಿಯೇ ಸೀಳಬಹುದು. ಪವರ್ ಬಿಯಾಂಡ್ ಪೋರ್ಟ್ (ಒತ್ತಡದ ಎಣ್ಣೆಯನ್ನು ಮುಂದಿನ ವಾಲ್ವಿಗೆ ಕಳಿಸುವ ಬಾಯಿ) ಇರುವ ವಾಲ್ವ್ ಅಥವಾ ಎರಡು ಲಿವರಿನ ವಾಲ್ವ್ ಕೊಳ್ಳಿ. ಇಷ್ಟು ಖರ್ಚು ಬೇಡವೆಂದರೆ ಒಂದೂವರೆ ಮೀಟರಿನ ಎರಡು ಚಾನೆಲ್ ಇಳಿಜಾರಾಗಿ ಒರಗಿಸಿ ಕುಂಟೆ ಉರುಳಿಸಿ. ತೋಟದಲ್ಲಿ ನಮ್ಮ ಆಯ್ಕೆ ಇದೇ.

ಒತ್ತಡ ಏರಿಸಬೇಡಿ. 210 ಬಾರಿಗೆ ಅದೇ ಪಂಪು ಸುಮಾರು 9 ಎಚ್‌ಪಿ ಕೇಳುತ್ತದೆ, ನಿಮ್ಮ 7.5ರ ಮೋಟಾರ್ ಟ್ರಿಪ್ ಆಗುತ್ತದೆ. ದಪ್ಪ ಕುಂಟೆಯನ್ನು ನಡುವಿಗೆ ಸೀಳುವ ಬದಲು ಅಂಚಿನಿಂದ 8–10 ಸೆಂ.ಮೀ. ದಪ್ಪದ ಹೋಳು ಸುಲಿಯುತ್ತ ಬನ್ನಿ. ಒಣಗಿ ಬಿರುಕು ಬಿಟ್ಟಿದ್ದರೆ ಆ ಬಿರುಕನ್ನೇ ಬೆಣೆಗೆ ಕೊಡಿ. ಪೈಪಿನಲ್ಲಿ ಎಣ್ಣೆ ಸೋರಿದರೆ ಕೈಯಿಂದ ತಡವಿ ನೋಡಬೇಡಿ, ರಟ್ಟು ಹಿಡಿದು ನೋಡಿ. ಸೂಜಿಯಂಥ ಎಣ್ಣೆಧಾರೆ ಚರ್ಮದೊಳಗೆ ನುಗ್ಗಿದರೆ ಗಾಯ ಸಣ್ಣದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಟ್ರ್ಯಾಕ್ಟರಿನ ಪಿಟಿಒಗೆ (ಬೇರೆ ಉಪಕರಣ ತಿರುಗಿಸುವ ಹಿಂಬದಿಯ ದಂಡ) ಜೋಡಿಸುವ ತಿರುಪಿನ ಶಂಕು ಲೇತಿನಲ್ಲಿ ಮಾಡಿಸಿದರೆ ಹೇಗೆ? ಅಗ್ಗವಂತೆ.

ಉತ್ತರ: ಮಾಡಿಸಬೇಡಿ. ಶಂಕು ಮರಕ್ಕೆ ಕಚ್ಚಿದ ಮೇಲೆ ತಾನೇ ಒಳಗೆ ಎಳೆದುಕೊಳ್ಳುತ್ತದೆ. ಗಂಟಿಗೆ ಸಿಕ್ಕಿದರೆ ಕುಂಟೆಯೇ ಗಿರಕಿ ಹೊಡೆಯುತ್ತದೆ. 540 ಆರ್‌ಪಿಎಂನಲ್ಲಿ ತಿರುಗುವುದನ್ನು ನಿಲ್ಲಿಸಲು ನೀವು ಟ್ರ್ಯಾಕ್ಟರ್ ತನಕ ಓಡಬೇಕು. ಹೈಡ್ರಾಲಿಕ್ ಯಂತ್ರದಲ್ಲಿ ಲಿವರ್ ಬಿಟ್ಟರೆ ದೂಡುವ ಪ್ಲೇಟು ಅಲ್ಲೇ ನಿಲ್ಲುತ್ತದೆ. ಇಲ್ಲಿ ಲುಂಗಿಯ ತುದಿಯೋ ಹೆಗಲ ಟವೆಲ್ಲೋ ಒಮ್ಮೆ ಸುತ್ತಿಕೊಂಡರೆ ಬಿಡಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ.