ಓದುಗರ ಪ್ರಶ್ನೆಗೆ ಉತ್ತರ: ಹಳೆಯ ಟಿವಿ ಗೇಮನ್ನು ಕೈಯಲ್ಲಿ ಹಿಡಿದು ಆಡುವಂತೆ ಮಾಡುವುದು

ಹಳೆಯ ವಿಡಿಯೊ ಗೇಮ್ ಯಂತ್ರಗಳನ್ನು ಬಿಚ್ಚಿ, ಅದೇ ಬೋರ್ಡಿಗೆ ಪುಟ್ಟ ಪರದೆಯನ್ನೂ ಬ್ಯಾಟರಿಯನ್ನೂ ಜೋಡಿಸಿ, ಕೈಯಲ್ಲಿ ಹಿಡಿಯುವ ಆಟಿಕೆಯಾಗಿ ಮಾಡಿಕೊಳ್ಳುವ ಹವ್ಯಾಸದ ಕುರಿತು ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಬಾರಿ ಉತ್ತರಿಸಿದ್ದೇನೆ.

ಪ್ರಶ್ನೆ: ತೊಂಬತ್ತರ ದಶಕದಲ್ಲಿ ಕೊಂಡ, ಕ್ಯಾಸೆಟ್ ಹಾಕಿ ಆಡುವ ಟಿವಿ ಗೇಮ್ ಒಂದು ನಮ್ಮ ಮನೆಯ ಅಟ್ಟದಲ್ಲಿದೆ, ಈಗಲೂ ನಡೆಯುತ್ತದೆ. ಅದನ್ನು ಮಗನಿಗಾಗಿ ಕೈಯಲ್ಲಿ ಹಿಡಿದು ಆಡುವಂತೆ ಮಾಡಲು ಸಾಧ್ಯವೇ? ನನಗೆ ಬೆಸುಗೆ ಹಾಕುವುದು ಅಲ್ಪಸ್ವಲ್ಪ ಗೊತ್ತು. – ದಾವಣಗೆರೆಯ ಓದುಗರೊಬ್ಬರು

ಉತ್ತರ: ಸಾಧ್ಯ. ಅಷ್ಟೇ ಅಲ್ಲ, ಮೊದಲ ಪ್ರಯತ್ನಕ್ಕೆ ಇದಕ್ಕಿಂತ ಒಳ್ಳೆಯ ಯಂತ್ರ ಸಿಗುವುದು ಕಷ್ಟ. ನಮ್ಮಲ್ಲಿ ಆ ಕಾಲದಲ್ಲಿ ಟಿವಿ ಗೇಮ್ ಎಂದು ಮಾರಾಟವಾದವುಗಳಲ್ಲಿ ಹೆಚ್ಚಿನವು 1983ರಲ್ಲಿ ಜಪಾನಿನಲ್ಲಿ ನಿಂಟೆಂಡೊ ಹೊರತಂದ ಫ್ಯಾಮಿಕಾಮ್ ಯಂತ್ರದ ನಕಲುಗಳು. ನಿಮ್ಮದರ ಮುಚ್ಚಳ ತೆಗೆದು ನೋಡಿ. ಬೋರ್ಡಿನ ನಡುವೆ ಟಾರಿನ ಹನಿಯಂತೆ ಕಪ್ಪಗೆ ಉಬ್ಬಿದ ಬೊಟ್ಟು ಕಂಡರೆ, ಮೂಲ ಯಂತ್ರದಲ್ಲಿ ಬೇರೆಬೇರೆಯಾಗಿದ್ದ ಮುಖ್ಯ ಚಿಪ್‌ಗಳ ಕೆಲಸವೆಲ್ಲ ಅದರಡಿಯ ಒಂದೇ ತುಣುಕಿನಲ್ಲಿ ಅಡಗಿದೆ ಎಂದು ತಿಳಿಯಬಹುದು. ಅಂತಹ ಬೋರ್ಡು ಚಿಕ್ಕದು, ಕಡಿಮೆ ವಿದ್ಯುತ್ತು ಬಳಸುತ್ತದೆ, ಹೆಚ್ಚು ಬಿಸಿಯಾಗುವುದೂ ಇಲ್ಲ. ಅಂಗೈಗಿಂತ ದೊಡ್ಡದಾಗಿ ಉಳಿಯುವ ಭಾಗವೆಂದರೆ 60 ಪಿನ್ನುಗಳ ಕ್ಯಾಸೆಟ್ ಗೂಡು ಮಾತ್ರ; ಅದನ್ನು ಕಿತ್ತು ಬೇರೆಡೆಗೆ ಒಯ್ಯುವ ಸಾಹಸಕ್ಕೆ ಹೋಗದೆ, ಕ್ಯಾಸೆಟ್ಟು ಬೆನ್ನ ಮೇಲೆ ಕೂರುವಂತೆ ಪೆಟ್ಟಿಗೆಯನ್ನು ಯೋಜಿಸಿಕೊಳ್ಳುವುದು ಲೇಸು.

ಪರದೆಯಾಗಿ ಕಾರುಗಳ ಹಿಂಬದಿ ಕ್ಯಾಮೆರಾಕ್ಕೆಂದು ಮಾರುವ ಮೂರೂವರೆ ಅಥವಾ ನಾಲ್ಕೂಕಾಲು ಇಂಚಿನ ಅಗ್ಗದ ಸ್ಕ್ರೀನುಗಳು ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಯಲ್ಲಿ ವಿಚಾರಿಸಿ. ಕೊಳ್ಳುವಾಗ ಅದು ಪಾಲ್ ಎಂಬ ಟಿವಿ ಪದ್ಧತಿಯ ಸಂಕೇತವನ್ನೂ ತೋರಿಸುತ್ತದೆಯೇ ಎಂದು ಕೇಳಲು ಮರೆಯಬಾರದು, ಏಕೆಂದರೆ ಆಗಿನ ಭಾರತದ ಟಿವಿಗಳು ಪಾಲ್ ಪದ್ಧತಿಯವಾಗಿದ್ದರಿಂದ ಇಲ್ಲಿಗೆ ಬಂದ ಯಂತ್ರಗಳೂ ಸಾಮಾನ್ಯವಾಗಿ ಅದನ್ನೇ ಹೊರಡಿಸುತ್ತವೆ. ಚಿತ್ರದ ತಂತಿಯನ್ನು ಹಳದಿ ಬಣ್ಣದ ವಿಡಿಯೊ ಜ್ಯಾಕಿನಿಂದ ತೆಗೆದುಕೊಳ್ಳಿ. ಆ್ಯಂಟೆನಾ ತಂತಿಗಾಗಿ ಇಟ್ಟಿರುವ ತಗಡಿನ ಡಬ್ಬಿಯ ಅಗತ್ಯ ಇನ್ನಿಲ್ಲ. ಕೈಗುಂಡಿಗಳ ವಿಷಯದಲ್ಲಿಯೂ ಹೆಚ್ಚಿನ ತೊಡಕಿಲ್ಲ: ಫ್ಯಾಮಿಕಾಮ್ ಪದ್ಧತಿಯ ಕಂಟ್ರೋಲರಿನ ಎಂಟು ಗುಂಡಿಗಳ ಸುದ್ದಿ ಐದೇ ತಂತಿಗಳಲ್ಲಿ ಬರುತ್ತದೆಯಾದ್ದರಿಂದ, ಕಂಟ್ರೋಲರಿನ ಒಳಗಿನ ಹಲಗೆಯನ್ನೇ ಇಡಿಯಾಗಿ ಹೊಸ ಪೆಟ್ಟಿಗೆಯಲ್ಲಿ ಕೂರಿಸಿದರಾಯಿತು.

ನಿಜವಾದ ಪರೀಕ್ಷೆ ಇರುವುದು ವಿದ್ಯುತ್ತಿನಲ್ಲಿ. ಈ ಹವ್ಯಾಸಕ್ಕೆ ಕೈಹಾಕಿದವರು ಪೆಟ್ಟಿಗೆಯ ಅಂದಕ್ಕೆ ವಾರಗಟ್ಟಲೆ ತಲೆಕೆಡಿಸಿಕೊಂಡು, ವಿದ್ಯುತ್ತಿನ ಲೆಕ್ಕವನ್ನು ಕೊನೆಯ ಸಂಜೆಗೆ ಬಿಡುತ್ತಾರೆ. ಅರ್ಧಕ್ಕೇ ನಿಂತ ಕೆಲಸಗಳಲ್ಲಿ ಹೆಚ್ಚಿನವು ನಿಲ್ಲುವುದು ಅಲ್ಲಿಯೇ. ನಿಮ್ಮ ಯಂತ್ರಕ್ಕೆ ಅಡಾಪ್ಟರಿನಿಂದ 9 ವೋಲ್ಟ್ ಬರುತ್ತಿದ್ದರೂ ಒಳಗೆ ಬೇಕಿರುವುದು 5 ವೋಲ್ಟ್ ಮಾತ್ರ. ಆ ಇಳಿಕೆಯನ್ನು ಸಾಮಾನ್ಯವಾಗಿ 7805 ಎಂಬ ಮೂರು ಕಾಲಿನ ರೆಗ್ಯುಲೇಟರ್ ಮಾಡುತ್ತದೆ, ಹೆಚ್ಚುವರಿಯನ್ನೆಲ್ಲ ಶಾಖವಾಗಿ ಚೆಲ್ಲುತ್ತದೆ. ಎರಡು ಲಿಥಿಯಂ ಸೆಲ್ಲುಗಳನ್ನು ಸರಣಿಯಲ್ಲಿ ಜೋಡಿಸಿ ಇದಕ್ಕೆ ಕೊಟ್ಟರೆ, ತುಂಬಿದಾಗಿನ 8.4 ವೋಲ್ಟಿನಲ್ಲಿ ಶೇ 40ರಷ್ಟು ಬಿಸಿಯಾಗಿಯೇ ಪೋಲಾಗುತ್ತದೆ. ಸೆಲ್ಲುಗಳು ಕರಗುತ್ತ 7 ವೋಲ್ಟಿಗಿಂತ ಕೆಳಗಿಳಿದಾಗ, ಒಳಗೆ ಇನ್ನೂ ಶಕ್ತಿ ಉಳಿದಿದ್ದರೂ, 7805 ತನ್ನ 5 ವೋಲ್ಟನ್ನು ಕಾಯ್ದುಕೊಳ್ಳಲಾರದೆ ಚಿತ್ರ ಅದುರತೊಡಗುತ್ತದೆ. ಆದ್ದರಿಂದ 7805ನ್ನು ಕಿತ್ತು, ಸೆಲ್ಲುಗಳನ್ನು ಸಮಾಂತರವಾಗಿ ಜೋಡಿಸಿ, ವೋಲ್ಟೇಜನ್ನು 5ಕ್ಕೆ ಏರಿಸುವ ಬೂಸ್ಟ್ ಮಾಡ್ಯೂಲ್ ಹಾಕುವುದು ನನ್ನ ಸಲಹೆ. ಬೋರ್ಡಿಗೆ ಜೋಡಿಸುವ ಮುನ್ನವೇ ಮಾಡ್ಯೂಲಿನ ಪುಟ್ಟ ತಿರುಪನ್ನು ತಿರುಗಿಸಿ, ಮಲ್ಟಿಮೀಟರಿನಲ್ಲಿ 5 ವೋಲ್ಟ್ ಸ್ಥಿರವಾಗಿ ಬರುತ್ತಿದೆಯೇ ಎಂದು ನೋಡಿಕೊಳ್ಳಿ. ಕಾರಿನ ಸ್ಕ್ರೀನು 12 ವೋಲ್ಟಿನದಾಗಿದ್ದರೆ ಅದಕ್ಕೆ ಪ್ರತ್ಯೇಕ ಮಾಡ್ಯೂಲ್ ಬೇಕಾಗುತ್ತದೆ.

ಪ್ರಶ್ನೆ: 18650 ಸೆಲ್ಲು, 9900 ಎಂಎಎಚ್ ಎಂದು ಬರೆದಿರುವುದನ್ನು ತಂದು ಹಾಕಿದೆ. ಅರ್ಧ ಗಂಟೆಯಲ್ಲಿ ಆಟ ನಿಂತುಹೋಗುತ್ತದೆ. ನನ್ನ ಜೋಡಣೆಯಲ್ಲಿ ದೋಷವಿದೆಯೇ? – ಹುಬ್ಬಳ್ಳಿಯ ವಿದ್ಯಾರ್ಥಿ

ಉತ್ತರ: ದೋಷ ಸೆಲ್ಲಿನ ಹೊದಿಕೆಯ ಮೇಲಿನ ಬರಹದಲ್ಲಿಯೇ ಇದೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಆ ಕೊಳವೆಯಲ್ಲಿ, ಹೆಸರಾಂತ ತಯಾರಕರ ಉತ್ತಮ ಲಿಥಿಯಂ ಸೆಲ್ಲುಗಳೂ ಸುಮಾರು 3500 ಎಂಎಎಚ್‌ನ (ಮಿಲಿಆಂಪಿಯರ್-ಗಂಟೆ, ಸೆಲ್ಲು ಎಷ್ಟು ವಿದ್ಯುತ್ತು ಹಿಡಿಯುತ್ತದೆ ಎಂಬುದರ ಅಳತೆ) ಆಸುಪಾಸಿನಲ್ಲಿ ನಿಲ್ಲುತ್ತವೆ. ತಕ್ಕಡಿಯಲ್ಲಿಟ್ಟು ತೂಗಿ ನೋಡಿ: ನಿಜವಾದ ಸೆಲ್ಲು 45ರಿಂದ 50 ಗ್ರಾಂ ತೂಗುತ್ತದೆ, ಅದಕ್ಕಿಂತ ಬಹಳ ಹಗುರವಾಗಿದ್ದರೆ ಮೋಸವೆಂದು ತಿಳಿಯಿರಿ.

ಲೆಕ್ಕ ಹೀಗೆ ಹಾಕಿಕೊಳ್ಳಬಹುದು. 2600 ಎಂಎಎಚ್‌ನ, ಅಂದರೆ 2.6 ಆಂಪಿಯರ್-ಗಂಟೆಯ ಒಂದು ಸೆಲ್ಲನ್ನು ಅದರ ಸರಾಸರಿ 3.6 ವೋಲ್ಟಿನಿಂದ ಗುಣಿಸಿದರೆ ಸುಮಾರು 9.4 ವಾಟ್-ಗಂಟೆ, ಎರಡಕ್ಕೆ 18.7. ಮಾಡ್ಯೂಲಿನಲ್ಲಿ ಶೇ 15ರಷ್ಟು ಸೋರಿದರೂ 16ರಷ್ಟು ಉಳಿಯುತ್ತದೆ. ಬೋರ್ಡು, ಪರದೆ, ಸ್ಪೀಕರು ಸೇರಿ 4 ವಾಟ್ ಎಳೆಯುತ್ತವೆಂದು ಅಳತೆ ಬಂದರೆ ನಾಲ್ಕು ಗಂಟೆಯ ಆಟ. ಇದರಲ್ಲಿ ಪರದೆಯ ಹಿಂಬೆಳಕಿನದೇ ದೊಡ್ಡ ಪಾಲಾಗಿರುವುದರಿಂದ, ಬೆಳಕನ್ನು ಸ್ವಲ್ಪ ತಗ್ಗಿಸಿದರೂ ಲಾಭ ಗೊತ್ತಾಗುತ್ತದೆ.

ಚಾರ್ಜಿಗೆ ಟಿಪಿ4056 ಮಾಡ್ಯೂಲ್ ಸಾಕು, ಆದರೆ ಅತಿಯಾಗಿ ಖಾಲಿಯಾಗದಂತೆಯೂ ಶಾರ್ಟ್ ಆಗದಂತೆಯೂ ತಡೆಯುವ ರಕ್ಷಣಾ ಚಿಪ್ ಇರುವ ಮಾದರಿಯನ್ನೇ ಕೇಳಿ ಪಡೆಯಿರಿ. ಎರಡು ಸೆಲ್ಲುಗಳನ್ನು ಸಮಾಂತರವಾಗಿ ಕೂಡಿಸುವ ಮುನ್ನ ಎರಡರ ವೋಲ್ಟೇಜೂ ಒಂದೇ ಇದೆಯೇ ಎಂದು ಅಳೆಯಬೇಕು. ಇಲ್ಲದಿದ್ದರೆ ತುಂಬಿದ್ದು ಖಾಲಿಯಾದದ್ದರೊಳಕ್ಕೆ ಒಮ್ಮೆಲೇ ಸುರಿಯುತ್ತದೆ. ಸೆಲ್ಲಿನ ತುದಿಗೆ ನೇರವಾಗಿ ಬೆಸುಗೆ ಹಾಕಬೇಡಿ, ಸೆಲ್ಲನ್ನು ಕೂರಿಸುವ ಹೋಲ್ಡರ್ ಬಳಸಿ ಅಥವಾ ನಿಕ್ಕೆಲ್ ಪಟ್ಟಿ ಅಂಟಿಸಿದ ಸೆಲ್ಲನ್ನೇ ತನ್ನಿ. ಚಾರ್ಜ್ ಆಗುತ್ತಿರುವಾಗ ಆಡುವುದೂ ಬೇಡ, ಏಕೆಂದರೆ ಇಂತಹ ಸರಳ ಮಾಡ್ಯೂಲಿಗೆ ಸೆಲ್ಲು ಹೀರುವ ಕರೆಂಟಾವುದು, ಆಟ ಹೀರುವುದಾವುದು ಎಂದು ಬೇರ್ಪಡಿಸಿ ತಿಳಿಯಲು ಬರುವುದಿಲ್ಲ.

ಪ್ರಶ್ನೆ: ಇಲ್ಲಿ ಹಳೆಯ ಸಾಮಾನಿನ ಮಾರಾಟದಲ್ಲಿ ನಿಂಟೆಂಡೊ 64 ಒಂದು ಸಿಕ್ಕಿದೆ. ಬೋರ್ಡನ್ನು ಗರಗಸದಿಂದ ಕತ್ತರಿಸಿ ಚಿಕ್ಕದು ಮಾಡುವವರಿದ್ದಾರೆಂದು ಕೇಳಿದ್ದೇನೆ. ನಾನೂ ಮಾಡಬಹುದೇ? – ಅಮೆರಿಕದ ಡಲ್ಲಾಸ್‌ನಲ್ಲಿರುವ ಕನ್ನಡಿಗರು

ಉತ್ತರ: ನೀವಿರುವ ದೇಶವೇ ಈ ಹವ್ಯಾಸದ ತವರು. ವಿಸ್ಕಾನ್ಸಿನ್ ರಾಜ್ಯದ ಬೆಂಜಮಿನ್ ಹೆಕೆಂಡಾರ್ನ್ ಅವರು 2000ದಲ್ಲಿ, 1977ರ ಅಟಾರಿ 2600 ಯಂತ್ರವನ್ನು ಕೈಯಲ್ಲಿ ಹಿಡಿಯುವಂತೆ ಮಾಡಿ ತೋರಿಸಿದ ಮೇಲೆ ಇದಕ್ಕೆ ಹೆಸರು ಬಂದಿತು. ಕಂಪನಿಗಳೂ ಅದಕ್ಕೆ ಮೊದಲೇ ಯತ್ನಿಸಿದ್ದವು. ಸೆಗಾ 1995ರಲ್ಲಿ ತನ್ನ ಜೆನೆಸಿಸ್ ಯಂತ್ರವನ್ನೇ ನೊಮ್ಯಾಡ್ ಎಂಬ ಹೆಸರಿನಲ್ಲಿ ಕೈಗಿತ್ತಿತು, ಆದರೆ ಅದು ಆರು ಪೆನ್ ಸೆಲ್ಲುಗಳನ್ನು ಎರಡು ಮೂರು ಗಂಟೆಗಳಲ್ಲಿ ನುಂಗಿಹಾಕುತ್ತಿತ್ತು. ಮತ್ತದೇ ವಿದ್ಯುತ್ತಿನ ಕಥೆ.

ಗರಗಸದ ಮಾತು ಹೆಚ್ಚಾಗಿ ನಿಂಟೆಂಡೊದ್ದೇ ಆದ 2006ರ ವೀ (Wii) ಯಂತ್ರಕ್ಕೆ ಸಂಬಂಧಿಸಿದ್ದು. ಅದರಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಚಿಪ್ ಮತ್ತು ಮೆಮೊರಿ ಒತ್ತೊತ್ತಾಗಿ ಒಂದೆಡೆ ಕೂತಿವೆ. ಸುತ್ತಲಿನ ರೆಗ್ಯುಲೇಟರುಗಳನ್ನೂ ಡಿಸ್ಕ್ ಡ್ರೈವಿನ ಭಾಗವನ್ನೂ ಕತ್ತರಿಸಿ ತೆಗೆದು, ಬೇಕಾದ 1, 1.15, 1.8 ಮತ್ತು 3.3 ವೋಲ್ಟುಗಳನ್ನು ಹೊರಗಿನ ಪುಟ್ಟ ಬೋರ್ಡಿನಿಂದ ಕೊಡುತ್ತಾರೆ, ಆಟಗಳನ್ನು ಯುಎಸ್‌ಬಿಯಿಂದ ಓದಿಸುತ್ತಾರೆ. ಕತ್ತರಿಸಿದ ಅಂಚಿನಲ್ಲಿ ಒಳಪದರಗಳ ತಾಮ್ರ ಒಂದಕ್ಕೊಂದು ತಾಗಿ ಶಾರ್ಟ್ ಆಗುವುದರಿಂದ, ನಯವಾದ ಮರಳು ಕಾಗದದಿಂದ ಅಂಚನ್ನು ಉಜ್ಜುತ್ತ, ನಡುನಡುವೆ ಮಲ್ಟಿಮೀಟರಿನಲ್ಲಿ ಪ್ರತಿಯೊಂದು ವೋಲ್ಟೇಜಿನ ಹಾದಿಯೂ ನೆಲತಂತಿಯಿಂದ ಬೇರೆಯಾಗಿದೆಯೇ ಎಂದು ನೋಡುತ್ತ ಹೋಗಬೇಕು. ಕೂದಲೆಳೆಯಂತಹ ತಂತಿಗಳ ಬೆಸುಗೆಯಲ್ಲಿ ಪಳಗಿದವರ ಕೆಲಸ ಅದು.

ನಿಂಟೆಂಡೊ 64ರಲ್ಲಿ ಬೋರ್ಡನ್ನು ಮುಟ್ಟದೆಯೇ ಬಹಳಷ್ಟು ಸಾಧಿಸಬಹುದು. ಅದರ ಅಡಾಪ್ಟರು 3.3 ವೋಲ್ಟ್ ಮತ್ತು 12 ವೋಲ್ಟ್ ಎರಡನ್ನೂ ಕೊಡುತ್ತದೆ. ಆಟ ನಡೆಸುವ ಮುಖ್ಯ ಚಿಪ್‌ಗಳಿಗೆ ಬೇಕಿರುವುದು 3.3. ಅಡಾಪ್ಟರಿನ ಮೇಲೆ 3.3 ವೋಲ್ಟಿಗೆ 2.7 ಆಂಪಿಯರ್ ಎಂದು ಬರೆದಿದೆ, ನಿಮ್ಮ ಮಾಡ್ಯೂಲಿಗೂ ಅಷ್ಟು ತಾಕತ್ತು ಇರಲಿ. ಶಾಖ ಹೀರುವ ಲೋಹದ ಫಲಕವನ್ನು ತೆಗೆದರೆ ಅದರ ಜಾಗಕ್ಕೆ ಇನ್ನೊಂದನ್ನು ಕೂರಿಸಲೇಬೇಕು. ಮುಂಭಾಗದ ಮೆಮೊರಿ ಗೂಡಿನಲ್ಲಿರುವ ಜಂಪರ್ ಪ್ಯಾಕ್ ಬೇಡದ ವಸ್ತುವೆಂದು ಕಿತ್ತೆಸೆಯಬೇಡಿ, ಅದಿಲ್ಲದೆ ಯಂತ್ರ ಆರಂಭವಾಗುವುದೇ ಇಲ್ಲ. ಒಂದು ಮಾತು ಕೇಳುವುದಾದರೆ, ಸುಸ್ಥಿತಿಯಲ್ಲಿರುವ ಯಂತ್ರವನ್ನು ಹಾಗೆಯೇ ಇಟ್ಟುಕೊಂಡು, ಪೆಟ್ಟಿಗೆ ಒಡೆದ, ಬೋರ್ಡು ಮಾತ್ರ ಸರಿಯಿರುವ ಇನ್ನೊಂದನ್ನು ಹುಡುಕಿಕೊಳ್ಳಿ.

ಪ್ರಶ್ನೆ: ಇಷ್ಟೆಲ್ಲ ಏಕೆ? ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಒಂದನ್ನು ಡಬ್ಬಿಗೆ ಹಾಕಿದರೆ ಎಲ್ಲ ಆಟಗಳೂ ಬರುತ್ತವಲ್ಲ? – ಮೈಸೂರಿನ ಓದುಗರು

ಉತ್ತರ: ಬರುತ್ತವೆ. ಆಡುವುದಷ್ಟೇ ಗುರಿಯಾದರೆ ನೀವು ಹೇಳುವುದೇ ಸರಿಯಾದ ದಾರಿ, ಖರ್ಚೂ ಕಡಿಮೆ. ಆದರೆ ಅಟ್ಟದ ಮೇಲಿನ ಕ್ಯಾಸೆಟ್ಟನ್ನೇ ಗೂಡಿಗೆ ತಳ್ಳಿ, ಆ ಕಾಲದ ಚಿಪ್ಪಿನಿಂದಲೇ ಆಡಬೇಕೆನ್ನುವವರಿಗೆ ಅದು ಬದಲಿಯಾಗದು. ನಾನು ಎರಡನೆಯ ಪಂಗಡದವನು, ವಾದಿಸುವುದಿಲ್ಲ.

ಪ್ರಶ್ನೆ: ಹೀಗೆ ಮಾಡುವುದು ಕಾನೂನಿಗೆ ವಿರುದ್ಧವೇ? – ಉಡುಪಿಯ ಓದುಗರು

ಉತ್ತರ: ನೀವೇ ಕೊಂಡ ಯಂತ್ರವನ್ನು ಸ್ವಂತಕ್ಕಾಗಿ ಬಿಚ್ಚಿ ಬೇರೆ ಪೆಟ್ಟಿಗೆಗೆ ಹಾಕಿಕೊಂಡರೆ ಚಿಂತಿಸಬೇಕಾದುದಿಲ್ಲ. ಎಚ್ಚರ ಬೇಕಿರುವುದು ಆಟಗಳ ಪ್ರತಿಗಳ ವಿಷಯದಲ್ಲಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿದವರು ಅದು ಕೆಡದಂತೆ, ಕಳೆಯದಂತೆ ರಕ್ಷಣೆಗಾಗಿ ಮಾತ್ರ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಯಾರದೋ ಆಟಗಳನ್ನು ನೂರಾರು ತುಂಬಿಸಿ, ಪೆಟ್ಟಿಗೆ ಸಮೇತ ಮಾರುವುದು ಆ ಅವಕಾಶದೊಳಗೆ ಬರುವುದಿಲ್ಲ.