‘ಸೈಡಿಗೆ ಹಾಕೋ’: ಸರಕು ವಾಹನದ ಚಾಲಕರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಪತ್ರದ ಸಾರ: “ನಾನು ಹಾಸನ ಜಿಲ್ಲೆಯವನು. ಹತ್ತೊಂಬತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ. ಹೋದ ತಿಂಗಳು ನನ್ನ ಟಾಟಾ ಏಸ್‌ನಲ್ಲಿ 13 ಮೂಟೆ ಆಲೂಗಡ್ಡೆ ಹೇರಿಕೊಂಡು ಬೆಂಗಳೂರಿಗೆ ಹೊರಟಿದ್ದೆ. ದಾರಿಯಲ್ಲಿ ಪೊಲೀಸರು ಮೂರು ಕಡೆ ನಿಲ್ಲಿಸಿದರು. ಮೊದಲನೆಯ ಕಡೆ ಮೊಬೈಲಿನಲ್ಲಿದ್ದ ದಾಖಲೆ ನಡೆಯುವುದಿಲ್ಲ, ಬ್ಯಾಡ್ಜ್ ಎಲ್ಲಿ, ಪರ್ಮಿಟ್ ಎಲ್ಲಿ ಎಂದರು. ಎರಡನೆಯ ಕಡೆ ಓವರ್‌ಲೋಡ್ ಎಂದು ಕೀ ಕಿತ್ತುಕೊಂಡು ಮುಕ್ಕಾಲು ಗಂಟೆ ನಿಲ್ಲಿಸಿದರು. ಮೂರನೆಯ ಕಡೆ ಎಮಿಷನ್ ಸರ್ಟಿಫಿಕೇಟಿನ ಅವಧಿ ಮುಗಿದು 11 ದಿನವಾಗಿತ್ತು, ಅದು ನನ್ನದೇ ತಪ್ಪು. ಮೂರೂ ಕಡೆ ಸೇರಿ 700 ರೂಪಾಯಿ ಹೋಯಿತು, ಒಂದಕ್ಕೂ ರಸೀದಿ ಇಲ್ಲ. ನನ್ನ ಮಗನ ವಯಸ್ಸಿನವರು ‘ಏಯ್, ಸೈಡಿಗೆ ಹಾಕೋ’ ಎಂದರು. ದುಡ್ಡು ಹೋದದ್ದು ಸಂಜೆಗೆ ಮರೆತೆ, ಈ ಮಾತು ಮರೆಯಲಾಗುತ್ತಿಲ್ಲ. ನಿಲ್ಲಿಸುವ ಹಕ್ಕು ಇವರಿಗೆ ಇದೆಯೇ? ದೂರು ಎಲ್ಲಿ ಕೊಡಬೇಕು? ಸಬ್‌ಇನ್‌ಸ್ಪೆಕ್ಟರ್‌ಗಿಂತ ಕೆಳಗಿನವರಿಗೆ ಲೈಸೆನ್ಸ್ ತೋರಿಸಬೇಕಾಗಿಲ್ಲ ಎಂದು ವಾಟ್ಸ್ಯಾಪ್‌ನಲ್ಲಿ ಬಂದಿತ್ತು. ಇನ್ನು ಮೇಲೆ ನಿಲ್ಲಿಸದೆ ಹೋಗಿಬಿಡಲೇ?”

ಪ್ರಿಯ ಓದುಗರೇ,

ನಿಮ್ಮ ಕೋರಿಕೆಯಂತೆ ಹೆಸರನ್ನೂ ಊರನ್ನೂ ಬಿಟ್ಟಿದ್ದೇವೆ. ಪತ್ರ ಬಂದ ದಿನ ಕಚೇರಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದೆವು. ಓದಿ ಮುಗಿಸುವ ಹೊತ್ತಿಗೆ ನಮ್ಮಲ್ಲಿ ಪ್ರತಿಯೊಬ್ಬರಿಗೂ ಹೇಳಲು ಒಂದು ಕಥೆಯಿತ್ತು. ಆದರೆ ನೀವು ಕೇಳಿರುವುದು ಸಾಂತ್ವನವನ್ನಲ್ಲ, ಉತ್ತರವನ್ನು. ಆದ್ದರಿಂದ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ದಯವಿಟ್ಟು ನಿಲ್ಲಿಸದೆ ಹೋಗಬೇಡಿ. ವಾಟ್ಸ್ಯಾಪ್‌ನಲ್ಲಿ ಬಂದ ಮಾತು ತಪ್ಪು. 1988ರ ಮೋಟಾರು ವಾಹನಗಳ ಕಾಯ್ದೆಯ 130ನೆಯ ಪ್ರಕರಣವು (ಸೆಕ್ಷನ್) ಸಮವಸ್ತ್ರದಲ್ಲಿರುವ ಯಾವುದೇ ಪೊಲೀಸ್ ಅಧಿಕಾರಿ ಕೇಳಿದರೂ ಚಾಲಕನು ಲೈಸೆನ್ಸ್ ತೋರಿಸಬೇಕು ಎನ್ನುತ್ತದೆ. ಅಲ್ಲಿ ದರ್ಜೆಯ ಮಾತಿಲ್ಲ. ಸಂಚಾರ ನಿಯಂತ್ರಿಸುತ್ತಿರುವ ಪೊಲೀಸರ ಸೂಚನೆಯನ್ನು ಪಾಲಿಸಬೇಕೆಂದು 119ನೆಯ ಪ್ರಕರಣ ಹೇಳುತ್ತದೆ. ಸಬ್‌ಇನ್‌ಸ್ಪೆಕ್ಟರ್ ದರ್ಜೆಯ ಮಾತು ಬರುವುದು 132ನೆಯ ಪ್ರಕರಣದಲ್ಲಿ, ಅದೂ ಅಪಘಾತವಾದಾಗ ವಾಹನವನ್ನು ನಿಲ್ಲಿಸಿಕೊಳ್ಳುವ ಸಂದರ್ಭದಲ್ಲಿ. ಅದನ್ನು ಯಾರೋ ಎತ್ತಿ ಎಲ್ಲ ಕಡೆಗೂ ಅಂಟಿಸಿದ್ದಾರೆ, ಅದನ್ನು ನಂಬಿ ರಸ್ತೆಯಲ್ಲಿ ವಾದಕ್ಕಿಳಿದ ಚಾಲಕರು ಹೊಸ ತೊಂದರೆಯನ್ನು ತಲೆಗೆ ಕಟ್ಟಿಕೊಂಡಿದ್ದಾರೆ.

ಹಾಗೆಂದು ಕಂಡ ಕಂಡ ಗಾಡಿಯನ್ನು ಕೈ ಅಡ್ಡ ಹಾಕಿ ನಿಲ್ಲಿಸುವುದು ಸರಿಯೆಂದು ನಮ್ಮ ರಾಜ್ಯದ ಪೊಲೀಸ್ ಇಲಾಖೆಯೂ ಹೇಳುವುದಿಲ್ಲ. 2022ರ ಜೂನ್‌ನಲ್ಲಿ ಆಗಿನ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ ಅವರು ಇದನ್ನು ಬಹಿರಂಗವಾಗಿಯೇ ತಿಳಿಸಿದ್ದರು: ಕಣ್ಣಿಗೆ ಕಾಣುವ ಸಂಚಾರ ನಿಯಮದ ಉಲ್ಲಂಘನೆ ಇಲ್ಲದಿದ್ದರೆ ಬರೀ ದಾಖಲೆ ನೋಡುವುದಕ್ಕೆಂದು ವಾಹನ ನಿಲ್ಲಿಸಬಾರದು, ಕುಡಿದು ಓಡಿಸುವವರ ತಪಾಸಣೆ ಮಾತ್ರ ಇದಕ್ಕೆ ಹೊರತು. ಈ ಮಾತು ಎಷ್ಟು ಬೇಗ ಮರೆತುಹೋಯಿತು ಎಂಬುದಕ್ಕೆ 2025ರ ಮೇ ತಿಂಗಳಿನಲ್ಲಿ ಮಂಡ್ಯದಲ್ಲಿ ನಡೆದದ್ದೇ ಸಾಕ್ಷಿ. ನಾಯಿ ಕಚ್ಚಿದ ಮಗುವನ್ನು ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ತಂದೆತಾಯಿಯನ್ನು ಹೆಲ್ಮೆಟ್ ಇಲ್ಲವೆಂದು ತಡೆದಾಗ ಬೈಕ್ ಉರುಳಿ, ಹಿಂದಿನಿಂದ ಬಂದ ಲಾರಿಯ ಚಕ್ರಕ್ಕೆ ಸಿಕ್ಕಿ ಆ ಹೆಣ್ಣುಮಗು ತೀರಿಕೊಂಡಿತು. ಮೂವರು ಸಹಾಯಕ ಸಬ್‌ಇನ್‌ಸ್ಪೆಕ್ಟರ್‌ಗಳು (ಎ.ಎಸ್.ಐ.) ಅಮಾನತಾದರು. ಆ ಮಗುವಿಗೆ ನಾಲ್ಕು ವರ್ಷವೂ ತುಂಬಿರಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಕೈ ನಿಲ್ಲುತ್ತದೆ.

ಆ ದುರಂತದ ಬೆನ್ನಿಗೇ ಮಹಾನಿರ್ದೇಶಕ ಎಂ.ಎ. ಸಲೀಂ ಅವರು ರಾಜ್ಯದ ಎಲ್ಲ ಘಟಕಗಳಿಗೆ ಸೂಚನೆ ಕಳುಹಿಸಿದರು. ದಾಖಲೆ ಪರಿಶೀಲನೆಗೆಂದೇ ವಾಹನ ತಡೆಯಬಾರದು, ಓಡುತ್ತಿರುವ ವಾಹನಕ್ಕೆ ಏಕಾಏಕಿ ಅಡ್ಡ ಬರಬಾರದು, ಹಿಂಬದಿ ಸವಾರರನ್ನು ಹಿಡಿದೆಳೆಯಬಾರದು, ವಾಹನದ ಕೀ ಕಿತ್ತುಕೊಳ್ಳಬಾರದು, ವೇಗವಾಗಿ ಹೋದವರನ್ನು ಬೆನ್ನಟ್ಟುವ ಬದಲು ನಂಬರ್ ಬರೆದುಕೊಂಡು ಕಂಟ್ರೋಲ್ ರೂಮಿಗೆ ತಿಳಿಸಬೇಕು ಎಂಬ ಮಾತುಗಳು ಅದರಲ್ಲಿವೆ. ಕಾಯ್ದೆಗೂ ಈ ಸೂಚನೆಗೂ ಇರುವ ಅಂತರವನ್ನು ನೀವು ತಿಳಿದಿರಬೇಕು. ಲೈಸೆನ್ಸ್ ಕೇಳುವ ಅಧಿಕಾರವನ್ನು ಕಾಯ್ದೆ ಕೊಟ್ಟಿದೆ, ಅದನ್ನು ಯಾವಾಗ ಬಳಸಬೇಕೆಂಬ ಹಿಡಿತವನ್ನು ಇಲಾಖೆ ತನ್ನ ಸಿಬ್ಬಂದಿಗೆ ತಾನೇ ಹಾಕಿಕೊಂಡಿದೆ. ಆದ್ದರಿಂದ ‘ನಿಮಗೆ ನಿಲ್ಲಿಸುವ ಹಕ್ಕಿಲ್ಲ’ ಎಂದು ಕೂಗಿದರೆ ನೀವು ಸೋಲುತ್ತೀರಿ. ‘ಸಾರ್, ಯಾವ ತಪ್ಪಿಗೆ ನಿಲ್ಲಿಸಿದಿರಿ?’ ಎಂದು ಕೇಳಿದರೆ ಉತ್ತರ ಕೊಡಬೇಕಾದ ಹೊಣೆ ಅವರದಾಗುತ್ತದೆ.

ಇನ್ನು ಆ ಮೂರು ಕಡೆಗಳ ವಿಚಾರ. ಮೊದಲನೆಯ ಕಡೆ ನಿಮಗೆ ಹೇಳಿದ ಮೂರು ಮಾತೂ ನಿಲ್ಲುವಂಥವಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 139ನೆಯ ನಿಯಮಕ್ಕೆ 2018ರಲ್ಲಿ ಆದ ತಿದ್ದುಪಡಿಯ ಪ್ರಕಾರ ದಾಖಲೆಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲೂ ತೋರಿಸಬಹುದು. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿರುವುದು ಮೂಲ ದಾಖಲೆಗೆ ಸಮ. ಕಾಗದದ ಫೋಟೊ ತೆಗೆದು ಗ್ಯಾಲರಿಯಲ್ಲಿ ಇಟ್ಟುಕೊಂಡಿದ್ದರೆ ಮಾತ್ರ ಆ ಮಾನ್ಯತೆ ಇಲ್ಲ. ನಿಮ್ಮದು ಯಾವುದೆಂದು ಪತ್ರದಲ್ಲಿ ಬರೆದಿಲ್ಲ, ಒಮ್ಮೆ ನೋಡಿಕೊಳ್ಳಿ.

ಪರ್ಮಿಟ್‌ನ ವಿಷಯವಂತೂ ಇನ್ನೂ ಸ್ಪಷ್ಟ. ಸರಕು ಸಮೇತ ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಾಗಿಲ್ಲವೆಂದು ಕಾಯ್ದೆಯ 66ನೆಯ ಪ್ರಕರಣದಲ್ಲೇ ಬರೆದಿದೆ. ನಿಮ್ಮ ಗಾಡಿಯ ನೋಂದಣಿ ಪತ್ರದಲ್ಲಿ (ಆರ್.ಸಿ.) ಒಟ್ಟು ತೂಕ ಎಷ್ಟೆಂದು ನಮೂದಾಗಿರುತ್ತದೆ. ಟಾಟಾ ಏಸ್‌ಗೆ ಅದು ಮೂರು ಟನ್ ದಾಟುವುದಿಲ್ಲ. ಬ್ಯಾಡ್ಜ್‌ನ, ಅಂದರೆ ಹಳದಿ ಬೋರ್ಡಿನ ಗಾಡಿ ಓಡಿಸಲು ಲೈಸೆನ್ಸಿನ ಮೇಲೆ ಪಡೆಯುವ ಪ್ರತ್ಯೇಕ ಅನುಮೋದನೆಯ ಮಾತು ನಿಮ್ಮಂಥ ಸಾವಿರಾರು ಚಾಲಕರನ್ನು ವರ್ಷಗಟ್ಟಲೆ ಕಾಡಿದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಲಘು ವಾಹನದ ಲೈಸೆನ್ಸ್ ಇದ್ದವರು ಅದೇ ವರ್ಗದ ಹಳದಿ ಬೋರ್ಡಿನ ಗಾಡಿಯನ್ನು ಪ್ರತ್ಯೇಕ ಅನುಮೋದನೆ ಇಲ್ಲದೆ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು. ಅಪಘಾತವಾದಾಗ ಪರಿಹಾರ ಕೊಡಲೊಲ್ಲದ ವಿಮಾ ಕಂಪನಿಗಳು ಆ ತೀರ್ಪನ್ನು ಒಪ್ಪದೆ ಪ್ರಶ್ನಿಸುತ್ತಲೇ ಬಂದವು. ಕೊನೆಗೆ 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಒಟ್ಟು ತೂಕ 7,500 ಕೆ.ಜಿ. ಒಳಗಿನ ಸರಕು ಸಾಗಣೆ ವಾಹನಗಳಿಗೆ ಆ ತೀರ್ಪು ಸರಿಯೆಂದೇ ಎತ್ತಿಹಿಡಿಯಿತು. ಅಪಾಯಕಾರಿ ಸರಕು ಸಾಗಿಸುವಂಥ ವಾಹನಗಳಿಗೆ ಇದು ಅನ್ವಯಿಸುವುದಿಲ್ಲ, ಆದರೆ ಆಲೂಗಡ್ಡೆ ಅಪಾಯಕಾರಿ ಸರಕಲ್ಲ. ನಿಮ್ಮ ಲೈಸೆನ್ಸಿನಲ್ಲಿ ಎಲ್.ಎಂ.ವಿ. (ಲಘು ಮೋಟಾರು ವಾಹನ) ಎಂದಿದ್ದರೆ ನೀವು ಕಾನೂನಿನ ಪ್ರಕಾರವೇ ದುಡಿಯುತ್ತಿದ್ದೀರಿ.

ಎರಡನೆಯ ಕಡೆ ನಡೆದದ್ದು ನನಗೆ ಹೆಚ್ಚು ನೋವು ತಂದಿತು. ತಲಾ 50 ಕೆ.ಜಿ.ಯ 13 ಮೂಟೆ ಎಂದರೆ 650 ಕೆ.ಜಿ., ಅದರ ತೂಕದ ಚೀಟಿ ನಿಮ್ಮ ಜೇಬಿನಲ್ಲೇ ಇತ್ತೆಂದು ಬರೆದಿದ್ದೀರಿ. ಓವರ್‌ಲೋಡ್ ಎಂಬುದನ್ನು ಕಣ್ಣಳತೆಯಲ್ಲಿ ತೀರ್ಮಾನಿಸುವಂತಿಲ್ಲ. ಅನುಮಾನವಿದ್ದರೆ ಅಧಿಕೃತ ಅಧಿಕಾರಿಯು ವಾಹನವನ್ನು ವೇ ಬ್ರಿಡ್ಜ್‌ಗೆ ಒಯ್ದು ತೂಗಿಸಬೇಕು, ಹೆಚ್ಚಿದ್ದರೆ ಹೆಚ್ಚಿನದನ್ನು ಇಳಿಸಬೇಕು ಎಂದು 114ನೆಯ ಪ್ರಕರಣ ಹೇಳುತ್ತದೆ. ಅದಕ್ಕಾಗಿ ಮುಂದಿನ ದಾರಿಯಲ್ಲಿ ಎಷ್ಟು ದೂರ ಕರೆದೊಯ್ಯಬಹುದು ಎಂಬುದಕ್ಕೂ 10 ಕಿ.ಮೀ.ಯ ಮಿತಿ ಇದೆ. ಕಾನೂನು ಇಷ್ಟು ಎಚ್ಚರ ವಹಿಸಿರುವುದಕ್ಕೆ ಕಾರಣವಿದೆ. ಓವರ್‌ಲೋಡ್ ಸಾಬೀತಾದರೆ ದಂಡ 20,000 ರೂಪಾಯಿ, ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಅಷ್ಟು ದೊಡ್ಡ ಮೊತ್ತದ ಹೆಸರು ಹೇಳಿ ಹೆದರಿಸಿ, ಕೀಯನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತ, ಮಾರುಕಟ್ಟೆಯ ಹೊತ್ತು ಮೀರುವುದನ್ನು ಕಾಯುತ್ತ ನಿಂತರೆ, 200 ರೂಪಾಯಿ ತಾನಾಗಿಯೇ ಚಾಲಕನ ಜೇಬಿನಿಂದ ಹೊರಬರುತ್ತದೆ. ಲೈಸೆನ್ಸ್ ವಶಪಡಿಸಿಕೊಳ್ಳಲು 206ನೆಯ ಪ್ರಕರಣವಿದೆ, ಆಗ ಸ್ವೀಕೃತಿ ಪತ್ರ ಕೊಡಲೇಬೇಕು, ಆ ಪತ್ರದ ಮೇಲೆ ನೀವು ಗಾಡಿ ಓಡಿಸಬಹುದು. ವಾಹನ ವಶಪಡಿಸಿಕೊಳ್ಳಲು 207 ಇದೆ, ಅದಕ್ಕೂ ನಿರ್ದಿಷ್ಟ ಕಾರಣಗಳಿವೆ. ಕೀ ಕಿತ್ತುಕೊಳ್ಳುವುದಕ್ಕೆ ಮಾತ್ರ ಕಾಯ್ದೆಯಲ್ಲಿ ಯಾವ ಪ್ರಕರಣವೂ ಇಲ್ಲ.

ಮೂರನೆಯದು ನಿಮ್ಮ ತಪ್ಪೆಂದು ನೀವೇ ಒಪ್ಪಿದ್ದೀರಿ, ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಆದರೆ ಅಲ್ಲಿ ಕೊಟ್ಟ 300 ರೂಪಾಯಿಯೇ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿತು, ಏಕೆಂದರೆ ತಪ್ಪು ನಿಜವಾಗಿದ್ದಾಗಲೂ ಅದು ದಂಡವಾಗಲಿಲ್ಲ. ಸ್ಥಳದಲ್ಲೇ ದಂಡ ಕಟ್ಟಿಸಿಕೊಳ್ಳುವ ಅಧಿಕಾರ 200ನೆಯ ಪ್ರಕರಣದಡಿ ಸರ್ಕಾರ ಅಧಿಸೂಚಿಸಿದ ದರ್ಜೆಯ ಅಧಿಕಾರಿಗಳಿಗೆ ಮಾತ್ರ ಇದೆ, ಮೊತ್ತವನ್ನೂ ಸರ್ಕಾರವೇ ನಿಗದಿಪಡಿಸಿರುತ್ತದೆ. ಉದಾಹರಣೆಗೆ, ಹೆಲ್ಮೆಟ್ ಇಲ್ಲದ್ದಕ್ಕೆ ಕೇಂದ್ರದ ತಿದ್ದುಪಡಿ 1,000 ರೂಪಾಯಿ ಎಂದಾಗ, 2019ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಅದನ್ನು 500ಕ್ಕೆ ಇಳಿಸಿತು. ಹೀಗೆ ಆದೇಶದಲ್ಲಿ ಅಚ್ಚಾದ ಮೊತ್ತದಲ್ಲಿ ‘ಅರ್ಧ ಕೊಟ್ಟು ಹೋಗು’ ಎಂಬುದಕ್ಕೆ ಜಾಗವೇ ಇಲ್ಲ. ಒಪ್ಪಿಗೆಯಿಲ್ಲದಿದ್ದರೆ ‘ನ್ಯಾಯಾಲಯದಲ್ಲಿ ನೋಡಿಕೊಳ್ಳುತ್ತೇನೆ, ಕೇಸ್ ಬರೆಯಿರಿ’ ಎನ್ನುವ ಹಕ್ಕು ನಿಮಗಿದೆ. ಒಪ್ಪಿಗೆಯಿದ್ದರೆ ಪೂರ್ತಿ ದಂಡ ಕಟ್ಟಿ ರಸೀದಿ ಪಡೆಯಿರಿ. ನೀವು ಉಳಿಸಿದೆನೆಂದುಕೊಂಡ ಹಣ ಸರ್ಕಾರದ ಖಜಾನೆಗೆ ಹೋಗಲಿಲ್ಲ, ಮುಂದಿನ ಕಡೆ ತೋರಿಸಲು ನಿಮ್ಮ ಕೈಯಲ್ಲಿ ಒಂದು ತುಂಡು ಕಾಗದವೂ ಉಳಿಯಲಿಲ್ಲ.

ಇದನ್ನು ದೂರದಲ್ಲಿ ನಿಂತು ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಮನೆ ಬದಲಾಯಿಸುವಾಗ ಸಾಮಾನು ತುಂಬಿದ ಟೆಂಪೊದಲ್ಲಿ ಚಾಲಕರ ಪಕ್ಕದಲ್ಲಿ ಕುಳಿತು ಬಂದಿದ್ದೆ. ನಗರದ ಅಂಚಿನಲ್ಲಿ ಕೈ ತೋರಿಸಿದರು. ನಮ್ಮ ಚಾಲಕರು ಏನನ್ನೂ ಕೇಳುವ ಮೊದಲೇ ಸನ್ ವೈಸರ್‌ಗೆ ರಬ್ಬರ್ ಬ್ಯಾಂಡ್‌ನಿಂದ ಕಟ್ಟಿದ್ದ ಪ್ಲಾಸ್ಟಿಕ್ ಕವರನ್ನು ಬಿಡಿಸಿಕೊಂಡು ಇಳಿದರು. ಆ ಕವರಿನಲ್ಲಿ ಆರ್.ಸಿ., ಇನ್ಶೂರೆನ್ಸ್, ಎಫ್.ಸಿ., ಒಂದು ದೇವರ ಪಟ, ಅದರ ಹಿಂದೆ ನಾಲ್ಕು ಮಡಿಕೆ ಮಾಡಿದ ನೂರರ ಎರಡು ನೋಟುಗಳಿದ್ದವು. ದಾಖಲೆಗಳೆಲ್ಲ ಸರಿಯಿದ್ದವು. ಆದರೂ ಆ ನೋಟುಗಳು ಅಲ್ಲಿ ದಾಖಲೆಯಂತೆಯೇ ಕಾಯಂ ಆಗಿ ಕುಳಿತಿದ್ದವು. ‘ಏನೋ, ಎಲ್ಲಿಗೋ’ ಎಂದು ಚಾಲಕರನ್ನು ಕೇಳುತ್ತಿದ್ದವರು ಕಿಟಕಿಯ ಹತ್ತಿರ ಬಂದು, ನನ್ನ ಕನ್ನಡಕವನ್ನೂ ಇಸ್ತ್ರಿ ಮಾಡಿದ ಅಂಗಿಯನ್ನೂ ನೋಡಿ, ‘ನಿಮ್ಮ ಸಾಮಾನಾ ಸಾರ್? ಹೋಗಿ ಸಾರ್’ ಎಂದರು. ಎರಡು ನೋಟು ಕವರಿನಲ್ಲೇ ಉಳಿಯಿತು. ಚಾಲಕರು ಗಾಡಿ ಹತ್ತಿ, ‘ನೀವಿದ್ದಿದ್ದಕ್ಕೆ ಬಿಟ್ಟರು’ ಎಂದು ನನಗೆ ಕೃತಜ್ಞತೆ ಹೇಳಿದರು. ಅವರು ನನಗಿಂತ ಹಿರಿಯರು. ಅವರನ್ನು ಏಕವಚನದಲ್ಲಿ ಕರೆದದ್ದಕ್ಕೆ ಆಗ ನಾನು ಒಂದು ಮಾತನ್ನೂ ಆಡಲಿಲ್ಲ. ನಿಮ್ಮ ಪತ್ರ ಓದಿದ ದಿನದಿಂದ ಆ ಮೌನ ನನ್ನನ್ನು ಬಾಧಿಸುತ್ತಿದೆ.

ಆದ್ದರಿಂದಲೇ ‘ಸೈಡಿಗೆ ಹಾಕೋ’ ಎಂಬ ಮಾತನ್ನು ನೀವು ಹಣಕ್ಕಿಂತ ಮೇಲಿಟ್ಟದ್ದು ಸರಿಯೆಂದು ನಾನು ನಂಬುತ್ತೇನೆ. ಬಿಳಿ ಬೋರ್ಡಿನ ಕಾರಿಗೆ ‘ಸಾರ್, ಸ್ವಲ್ಪ ಪಕ್ಕಕ್ಕೆ’, ಹಳದಿ ಬೋರ್ಡಿನ ಗಾಡಿಗೆ ‘ಏಯ್’ ಎಂಬ ಭೇದ ನಮ್ಮ ರಸ್ತೆಗಳಲ್ಲಿ ದಿನವೂ ಕೇಳಿಸುತ್ತದೆ. ಕನ್ನಡದಲ್ಲಿ ‘ಹಾಕಿ’ ಎಂಬುದಕ್ಕೂ ‘ಹಾಕೋ’ ಎಂಬುದಕ್ಕೂ ನಡುವೆ ಒಂದೇ ಅಕ್ಷರದ ಅಂತರವಿದೆ. ಬಹುವಚನ ಬಳಸಿದ ಅಧಿಕಾರಿಯು ಮುಂದಿನ ಮಾತಿನಲ್ಲಿ ಕಾರಣವನ್ನೂ ಹೇಳಬೇಕಾಗುತ್ತದೆ, ಏಕೆಂದರೆ ‘ನೀವು’ ಎಂದು ಕರೆದವರ ಕೀಯನ್ನು ಸುಲಭವಾಗಿ ಕಿತ್ತುಕೊಳ್ಳಲಾಗುವುದಿಲ್ಲ. ಪೊಲೀಸ್ ತರಬೇತಿ ಶಾಲೆಗಳಲ್ಲಿ ಪಾಠ ಹೇಳುವವರು ಈ ಪುಟವನ್ನು ಓದುತ್ತಿದ್ದರೆ ಇದೊಂದನ್ನು ಗಮನಿಸಬೇಕೆಂದು ಕೈಮುಗಿದು ಕೇಳುತ್ತೇನೆ.

ಬಿಸಿಲಿನಲ್ಲಿ, ಹೊಗೆಯಲ್ಲಿ, ಬಾಯಿಗೆ ಒದ್ದೆ ಕರ್ಚೀಫು ಕಟ್ಟಿಕೊಂಡು ಹತ್ತು ಗಂಟೆ ನಿಲ್ಲುವ ಕಾನ್‌ಸ್ಟೆಬಲ್‌ಗಳ ಕಷ್ಟವೂ ನಮಗೆ ಗೊತ್ತಿದೆ. ರಾತ್ರಿ ತಪಾಸಣೆಯಲ್ಲಿ ಊದಿಸುವುದು ಅನೇಕರ ಜೀವ ಉಳಿಸಿದೆ, ಅದಕ್ಕೆ ಯಾರೂ ಗೊಣಗಬಾರದು. 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಆಲ್ಕೋಹಾಲ್ ದಾಟಿದವರನ್ನು ಹಿಡಿದ ಅಧಿಕಾರಿಗೆ ನಾವು ಋಣಿಗಳೇ.

ದೂರಿನ ದಾರಿಯನ್ನೂ ಕೇಳಿದ್ದೀರಿ. ಲಂಚದ ದೂರಿಗೆ ಪ್ರತಿ ಜಿಲ್ಲೆಯಲ್ಲಿ ಲೋಕಾಯುಕ್ತ ಪೊಲೀಸರ ಕಚೇರಿ ಇದೆ. ದುರ್ವರ್ತನೆಯ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕೊಡಬಹುದು. ಸುಪ್ರೀಂ ಕೋರ್ಟ್‌ನ 2006ರ ತೀರ್ಪಿನಿಂದಾಗಿ ಹುಟ್ಟಿದ ಪೊಲೀಸ್ ದೂರು ಪ್ರಾಧಿಕಾರವೂ ಇದೆ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ: ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯಿಂದ ಲಂಚ ಕೊಡುವುದೂ ಅಪರಾಧ, ಬಲವಂತಕ್ಕೆ ಸಿಕ್ಕಿ ಕೊಟ್ಟವರು ಏಳು ದಿನದೊಳಗೆ ದೂರು ಕೊಟ್ಟರೆ ಮಾತ್ರ ಅವರಿಗೆ ರಕ್ಷಣೆ. ನಿಮ್ಮ ವಿಷಯದಲ್ಲಿ ಆ ಏಳು ದಿನ ಕಳೆದುಹೋಗಿದೆ, ಆದ್ದರಿಂದ ಹಣದ ವಿಚಾರದಲ್ಲಿ ಹೆಜ್ಜೆಯಿಡುವ ಮೊದಲು ವಕೀಲರೊಬ್ಬರನ್ನು ಕಾಣಿರಿ. ಇನ್ನೊಮ್ಮೆ ಹೀಗಾದರೆ ಸ್ಥಳ, ಹೊತ್ತು, ಎದೆಯ ಮೇಲಿನ ಹೆಸರಿನ ಪಟ್ಟಿ, ಈ ಮೂರನ್ನು ಅಲ್ಲಿಂದ ಹೊರಟ ಕೂಡಲೇ ಬರೆದಿಟ್ಟುಕೊಳ್ಳಿ.

ನಿಮ್ಮ ಹೆಸರು, ಗಾಡಿಯ ನಂಬರ್ ಮತ್ತು ಹಣದ ಪ್ರಸ್ತಾಪವನ್ನು ತೆಗೆದು, ಕೀ ಕಿತ್ತುಕೊಂಡದ್ದನ್ನೂ ಏಕವಚನದಲ್ಲಿ ಕರೆದದ್ದನ್ನೂ ಬರೆದು ಸಂಬಂಧಪಟ್ಟ ಜಿಲ್ಲೆಯ ವರಿಷ್ಠಾಧಿಕಾರಿಗಳಿಗೆ ಕಳುಹಿಸಿದ್ದೇವೆ. ಉತ್ತರ ಬಂದರೆ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ. ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಎಮಿಷನ್ ಮಾಡಿಸಿರುತ್ತೀರಿ ಎಂದುಕೊಂಡಿದ್ದೇನೆ. ಮಾಡಿಸಿರದಿದ್ದರೆ ಮುಂದಿನ ಬಾಡಿಗೆಗೆ ಹೊರಡುವ ಮೊದಲೇ ಮಾಡಿಸಿ, ಆ ಚೀಟಿಯನ್ನು ಕವರಿನಲ್ಲಿ ನೋಟು ಇಡುತ್ತಿದ್ದ ಜಾಗದಲ್ಲಿ ಇಡಿ.

ಸಂಪಾದಕ